ಓಪನ್ ಸೌಂಡ್ ಮೀಟರ್: ಹಿಂದಿನ ಸಾಲಿಗೂ ಪದ ಮುಟ್ಟಿಸಿದ ಸಾಫ್ಟ್‌ವೇರ್

"ಪದ ಎಂತದೂ ಗೊತ್ತಾಗ್ಲಿಲ್ಲ ಮಾರಾಯ, ಬರೀ ಗುಂಯ್ ಗುಂಯ್." ಮುಂಬೈಯಲ್ಲಿ ಯಕ್ಷಗಾನಕ್ಕೆ ಸೌಂಡ್ ಮಾಡುವವರು ಈ ಮಾತನ್ನು ಎಷ್ಟೋ ಸಲ ಕೇಳಿರುತ್ತಾರೆ. ಹೇಳುವವರು ಹಿಂದಿನ ಸಾಲಿನವರು, ಜಾಸ್ತಿ ವಯಸ್ಸಾದವರು. ಊರಲ್ಲಿ ಮೇಳಗಳ ತಿರುಗಾಟ ಮುಗಿದು ಮಳೆ ಹಿಡಿದ ಮೇಲೆ ತಂಡಗಳು ಇಲ್ಲಿಗೆ ಬರುತ್ತವೆ. ವಿರಾರ್‌ನಿಂದ, ಡೊಂಬಿವಿಲಿಯಿಂದ ರೈಲು ಬದಲಿಸಿ ಆಟ ನೋಡಲು ಬಂದವರಿಗೆ ಭಾಗವತರು ಹಾಡುವ ಪದವೇ ತಿಳಿಯದಿದ್ದರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಹದಿನಾಲ್ಕು ವರ್ಷದಿಂದ ಇಲ್ಲಿನ ಕನ್ನಡ, ತುಳು ಕಾರ್ಯಕ್ರಮಗಳಿಗೆ ಸೌಂಡ್ ಮಾಡುತ್ತಿದ್ದೇನೆ. ಇಷ್ಟು ದಿನ ಕಿವಿಯೇ ನನ್ನ ಅಳತೆಗೋಲು. ಗೊತ್ತಿರುವ ಒಂದು ಹಾಡು ಹಾಕಿ, ಹಾಲ್ ತುಂಬಾ ಓಡಾಡಿ, ಈಕ್ವಲೈಸರ್ (ತಗ್ಗಿನ, ಎತ್ತರದ ಸ್ವರಗಳನ್ನು ಬೇರೆ ಬೇರೆಯಾಗಿ ಏರಿಸಿ ಇಳಿಸುವ ಸಾಧನ) ತಿರುಗಿಸುತ್ತಿದ್ದೆ. ಈ ಮಳೆಗಾಲ ಒಂಬತ್ತು ಆಟಗಳಿಗೆ, ಹಾಲ್‌ನ ಸದ್ದನ್ನು ಅಳೆದು ತೋರಿಸುವ ಓಪನ್ ಸೌಂಡ್ ಮೀಟರ್ ಎಂಬ ಕಂಪ್ಯೂಟರ್ ಸಾಫ್ಟ್‌ವೇರ್ ಇಟ್ಟುಕೊಂಡು ಕೆಲಸ ಮಾಡಿದೆ. ನಮ್ಮ ಹಾಗೆ ಸಣ್ಣ ಮಟ್ಟದಲ್ಲಿ ಸೌಂಡ್ ಮಾಡುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಇದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮನಸ್ಸಿದ್ದವರು ಮಾಡಿದವರಿಗೆ ದೇಣಿಗೆ ಕೊಡಬಹುದು, ನಾನು ಕೊಟ್ಟೆ. ಸಾಫ್ಟ್‌ವೇರ್ ಒಂದೇ ಸಾಲದು. ಎರಡು ಇನ್‌ಪುಟ್ ಇರುವ ಆಡಿಯೋ ಇಂಟರ್‌ಫೇಸ್ (ಸದ್ದಿನ ಸಿಗ್ನಲ್ ಅನ್ನು ಕಂಪ್ಯೂಟರ್‌ಗೆ ಕೊಡುವ ಪೆಟ್ಟಿಗೆ) ಬೇಕು, ಸುತ್ತಲಿನ ಸದ್ದನ್ನು ಒಂದೇ ಸಮ ಹಿಡಿಯುವ ಅಳತೆಯ ಮೈಕ್ ಬೇಕು. ನನ್ನದು ಬೆಹ್ರಿಂಗರ್ ಇಸಿಎಂ 8000. ಇದಕ್ಕೆ ಇಂಟರ್‌ಫೇಸ್‌ನಿಂದ ಫ್ಯಾಂಟಮ್ ಪವರ್ (ಕೇಬಲ್ ಮೂಲಕವೇ ಮೈಕ್‌ಗೆ ಹೋಗುವ ವಿದ್ಯುತ್) ಕೊಡಬೇಕು, ಮರೆಯಬೇಡಿ. ಕೇಬಲ್, ಸ್ಟ್ಯಾಂಡ್ ಎಲ್ಲ ಲ್ಯಾಮಿಂಗ್ಟನ್ ರೋಡಿನಲ್ಲಿ ಅರ್ಧ ದಿನದಲ್ಲಿ ಸಿಕ್ಕಿದವು.

ಕೆಲಸದ ರೀತಿ ಸರಳ. ಮಿಕ್ಸರ್‌ನಿಂದ ಹೊರಡುವ ಸಿಗ್ನಲ್‌ಗೆ ಎರಡು ದಾರಿ. ಒಂದು ನೇರವಾಗಿ ಇಂಟರ್‌ಫೇಸ್‌ಗೆ. ಇನ್ನೊಂದು ಆಂಪ್ಲಿಫೈಯರ್, ಸ್ಪೀಕರ್, ಹಾಲ್ ಎಲ್ಲ ದಾಟಿ ಮೈಕ್ ಮೂಲಕ ಅದೇ ಇಂಟರ್‌ಫೇಸ್‌ಗೆ. ಕಳಿಸಿದ್ದೇನು, ಬಂದದ್ದೇನು, ಎಷ್ಟು ತಡವಾಗಿ ಬಂತು ಎಂದು ಸಾಫ್ಟ್‌ವೇರ್ ಎರಡನ್ನೂ ಹೋಲಿಸಿ ತೋರಿಸುತ್ತದೆ. ಹೀಗೆ ಎರಡು ಚಾನೆಲ್ ಹೋಲಿಸುವ ಪದ್ಧತಿಯನ್ನು ಮೇಯರ್ ಸೌಂಡ್ ಕಂಪನಿ 1984ರಲ್ಲಿ ಸಿಮ್ ಎಂಬ ಯಂತ್ರದ ಮೂಲಕ ಸಂಗೀತ ಕಾರ್ಯಕ್ರಮಗಳಿಗೆ ತಂದಿತ್ತು. 1990ರ ದಶಕದಲ್ಲಿ ಸ್ಮಾರ್ಟ್ ಎಂಬ ಸಾಫ್ಟ್‌ವೇರ್ ಬಂತು. ದೊಡ್ಡ ಶೋಗಳಲ್ಲಿ ಇವತ್ತಿಗೂ ಅದೇ ನಡೆಯುವುದು. ಆದರೆ ಅದಕ್ಕೆ ದುಡ್ಡು ಕೊಡಬೇಕು.

ಫೋನಿನ ಆ್ಯಪ್‌ನಲ್ಲೂ ಗ್ರಾಫ್ ಬರುತ್ತದೆ ಅಲ್ವಾ, ಇದು ಯಾಕೆ ಎಂದು ಸುಮಾರು ಜನ ಕೇಳಿದರು. ಆ ಆ್ಯಪ್ ಯಾವ ಸ್ವರ ಎಷ್ಟು ಜೋರಾಗಿದೆ ಎಂದಷ್ಟೇ ಹೇಳುತ್ತದೆ. ಯಾವಾಗ ಬಂತು ಎಂದು ಹೇಳುವುದಿಲ್ಲ. ನಮ್ಮ ಹಾಲ್‌ಗಳ ಕಾಯಿಲೆ ಇರುವುದು ಈ "ಯಾವಾಗ"ದಲ್ಲಿ.

ಒಂದು ಹಾಲ್‌ನ ಕತೆ ಹೇಳುತ್ತೇನೆ, ಹೆಸರು ಬೇಡ. ಉದ್ದನೆಯ ಹಾಲ್. ವೇದಿಕೆಯ ಎರಡು ಬದಿಗೆ ದೊಡ್ಡ ಸ್ಪೀಕರ್. ಹಿಂದಿನವರಿಗೆ ಕೇಳಲಿ ಎಂದು ನಡು ದಾಟಿದ ಮೇಲೆ ಗೋಡೆಗೆ ಇನ್ನೆರಡು ಸಣ್ಣ ಬಾಕ್ಸ್. ಆ ಬಾಕ್ಸ್‌ಗಳಿಗೆ ಡಿಲೇ, ಅಂದರೆ ಸದ್ದನ್ನು ಬೇಕೆಂದೇ ತಡ ಮಾಡಿ ಬಿಡುವ ವ್ಯವಸ್ಥೆ, ಹಾಕಿರಲೇ ಇಲ್ಲ. ಹಿಂದಿನಿಂದ ಮೂರನೇ ಸಾಲಿನಲ್ಲಿ, ಕೂತವರ ಕಿವಿಯ ಎತ್ತರಕ್ಕೆ ಮೈಕ್ ನಿಲ್ಲಿಸಿದೆ. ಮೊದಲು ಮುಂದಿನ ಸ್ಪೀಕರ್ ಮಾತ್ರ ಆನ್ ಮಾಡಿದೆ: ಸದ್ದು ಮೈಕ್ ತಲುಪಲು 58.4 ಮಿಲಿಸೆಕೆಂಡ್. ಅದನ್ನು ನಿಲ್ಲಿಸಿ ಗೋಡೆಯ ಬಾಕ್ಸ್ ಆನ್ ಮಾಡಿದೆ: 13.6. ನಡುವಿನ ಅಂತರ 44.8 ಮಿಲಿಸೆಕೆಂಡ್. ಅಂದರೆ ಭಾಗವತರ ಒಂದೊಂದು ಅಕ್ಷರವೂ ಆ ಸಾಲಿಗೆ ಎರಡೆರಡು ಸಲ ಬರುತ್ತಿತ್ತು. ಹತ್ತಿರದ ಬಾಕ್ಸ್‌ನಿಂದ ಮೊದಲು, ವೇದಿಕೆಯಿಂದ ಆಮೇಲೆ. ನಿಧಾನದ ಪದದಲ್ಲಿ ಹೇಗೋ ನಡೆಯುತ್ತದೆ. ದ್ರುತಕ್ಕೆ ಬಂದಾಗ ಒಂದು ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ.

ಸದ್ದು ಒಂದು ಮೀಟರ್ ಸಾಗಲು ಸುಮಾರು 2.9 ಮಿಲಿಸೆಕೆಂಡ್ ಬೇಕು. ಟೇಪ್ ಹಿಡಿದು ಅಳೆದೆ. ಎರಡು ಸ್ಪೀಕರ್‌ಗಳ ದೂರದಲ್ಲಿ ಹದಿನೈದೂವರೆ ಮೀಟರ್ ವ್ಯತ್ಯಾಸ. ಲೆಕ್ಕ ಸರಿಯಾಗಿ ಕೂತಿತು. ಗೋಡೆಯ ಬಾಕ್ಸ್‌ಗಳ ಔಟ್‌ಪುಟ್‌ಗೆ ಮಿಕ್ಸರ್‌ನಲ್ಲೇ 50 ಮಿಲಿಸೆಕೆಂಡ್ ಡಿಲೇ ಹಾಕಿದೆ. ಐದು ಜಾಸ್ತಿ ಹಾಕಿದ್ದಕ್ಕೆ ಕಾರಣ ಇದೆ. ಮೊದಲು ಬಂದ ಸದ್ದು ಯಾವ ಕಡೆಯದೋ ಕಿವಿ ಆ ಕಡೆಗೇ ತಿರುಗುತ್ತದೆ. ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದ್ದರು. ವೇದಿಕೆಯ ಸದ್ದು ಒಂದು ಕೂದಲೆಳೆ ಮೊದಲು ಬಂದರೆ ಭಾಗವತರು ಗೋಡೆಯಿಂದಲ್ಲ, ವೇದಿಕೆಯಿಂದಲೇ ಹಾಡಿದ ಹಾಗೆ ಕೇಳುತ್ತದೆ. ಬಾಕ್ಸ್‌ನ ವಾಲ್ಯೂಮ್ 4 ಡಿಬಿ (ಡೆಸಿಬೆಲ್) ಇಳಿಸಿದೆ. ಈಕ್ವಲೈಸರ್ ಮುಟ್ಟಲಿಲ್ಲ.

ಇದೇ ಹಾಲ್‌ನಲ್ಲಿ ಆರು ವರ್ಷ ನಾನು "ಗುಂಯ್" ತೆಗೆಯಲು ಈಕ್ವಲೈಸರ್‌ನಲ್ಲಿ 315, 400 ಹರ್ಟ್ಸ್ ಸುತ್ತಲಿನ ಸ್ವರಗಳನ್ನು ಕತ್ತರಿಸುತ್ತಾ ಬಂದಿದ್ದೆ. ಭಾಗವತರ ಕಂಠದ ತುಂಬು ಹೋಗಿ ಬರೀ ಮೂಗು ಉಳಿಯುತ್ತಿತ್ತು. ಗುಂಯ್ ಹಾಗೇ ಇರುತ್ತಿತ್ತು. ಆ ಆರು ವರ್ಷ ಹಾಡಿದವರನ್ನು, ಕೇಳಲು ಬಂದವರನ್ನು ನೆನೆದರೆ ಈಗಲೂ ಬೇಸರವಾಗುತ್ತದೆ. ಈ ಸಲ ಆಟ ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಯಾವಾಗಲೂ ಕೂರುವ ಒಬ್ಬ ಅಜ್ಜ ಮಿಕ್ಸರ್ ಹತ್ತಿರ ಬಂದರು. ಸೌಂಡಿನ ಸುದ್ದಿಯೇ ಎತ್ತಲಿಲ್ಲ. ಭಾಗವತರು ಎರಡನೇ ಪದದಲ್ಲಿ ಒಂದು ಅಕ್ಷರ ತಪ್ಪಿದರು ಎಂದು ಹೇಳಿ ಹೋದರು.

ಸಾಫ್ಟ್‌ವೇರ್‌ನಲ್ಲಿ ನನಗೆ ತುಂಬಾ ಇಷ್ಟವಾದದ್ದು ಕೊಹೆರೆನ್ಸ್ ಎಂಬ ಗೆರೆ. ಕಾಣುವ ಗ್ರಾಫನ್ನು ಎಷ್ಟು ನಂಬಬಹುದು ಎಂದು ಅದು ಹೇಳುತ್ತದೆ. ಫ್ಯಾನ್ ತಿರುಗುತ್ತಿದ್ದರೆ, ಕುರ್ಚಿ ಎಳೆಯುತ್ತಿದ್ದರೆ, ಪ್ರತಿಧ್ವನಿ ಜಾಸ್ತಿ ಇದ್ದರೆ ಗೆರೆ ಕೆಳಗೆ ಬೀಳುತ್ತದೆ. ಬಿದ್ದ ಜಾಗದಲ್ಲಿ ಈಕ್ವಲೈಸರ್ ತಿರುಗಿಸಬೇಡಿ. ಒಂದು ಕಡೆ ಗ್ರಾಫ್‌ನ ಗೆರೆಯಲ್ಲಿ 130 ಹರ್ಟ್ಸ್ ಜಾಗದಲ್ಲಿ ದೊಡ್ಡ ಗುಂಡಿ ಕಂಡಿತು. ಮೈಕನ್ನು ಒಂದು ಮೀಟರ್ ಸರಿಸಿದೆ, ಗುಂಡಿಯೂ ಸರಿಯಿತು. ಅದು ಸ್ಪೀಕರ್‌ನ ದೋಷ ಅಲ್ಲ, ಗೋಡೆಗೆ ಬಡಿದು ವಾಪಸ್ ಬಂದ ಸದ್ದಿನ ಕೆಲಸ. ಹಾಗಾಗಿ ಐದಾರು ಜಾಗದಲ್ಲಿ ಅಳೆದು, ಗೆರೆಗಳನ್ನು ಉಳಿಸಿಟ್ಟುಕೊಂಡು ಸರಾಸರಿ ನೋಡಬೇಕು. ಎಲ್ಲ ಕಡೆ ಒಂದೇ ರೀತಿ ಕಂಡದ್ದನ್ನು ಮಾತ್ರ ತಿದ್ದಬೇಕು.

ಇನ್ನೊಂದು ಹಾಲ್‌ನಲ್ಲಿ ಮದ್ದಳೆಗೆ ತೂಕವೇ ಬರುತ್ತಿರಲಿಲ್ಲ. ಬಾಡಿಗೆಗೆ ತಂದ ಎರಡು ಸಬ್‌ವೂಫರ್ (ತಗ್ಗಿನ ಸ್ವರಕ್ಕೆಂದೇ ಇರುವ ಸ್ಪೀಕರ್) ಇದ್ದವು. ನಡುವೆ ಮೈಕ್ ಇಟ್ಟು ಒಂದೊಂದನ್ನೇ ಅಳೆದರೆ ಎರಡೂ ಗಟ್ಟಿ. ಎರಡನ್ನೂ ಒಟ್ಟಿಗೆ ಆನ್ ಮಾಡಿದರೆ 6 ಡಿಬಿ ಏರಬೇಕಾದ ಗೆರೆ ನೆಲಕ್ಕೆ ಕುಸಿಯಿತು. ಅಲೆಗಳ ಏರಿಳಿತ ಒಂದಕ್ಕೊಂದು ಹೊಂದುತ್ತದೆಯೇ ಎಂದು ತೋರಿಸುವ ಫೇಸ್ ಗ್ರಾಫ್ ನೋಡಿದೆ. ಒಂದರ ಗೆರೆ ಇನ್ನೊಂದಕ್ಕಿಂತ 180 ಡಿಗ್ರಿ ದೂರ. ಒಂದು ಕೋನ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿತ್ತು. ಕೇಬಲ್‌ನ ತುದಿಯ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಪ್ಲಗ್ ಬಿಚ್ಚಿದೆ. ಎರಡನೇ, ಮೂರನೇ ಪಿನ್‌ಗಳ ವೈರ್ ಅದಲುಬದಲಾಗಿ ಬೆಸುಗೆಯಾಗಿತ್ತು. ಹತ್ತು ನಿಮಿಷದ ಕೆಲಸ. ಮದ್ದಳೆಯವರು ಸುಮ್ನೆ ಒಂದು ಪೆಟ್ಟು ಹಾಕಿ ನೋಡಿ ನನ್ನ ಕಡೆ ತಿರುಗಿ ನಕ್ಕರು.

ಕಷ್ಟಗಳೂ ಇವೆ. ಸಬ್‌ವೂಫರ್‌ನ ಡಿಲೇಯನ್ನು ಯಾವ ಸಾಫ್ಟ್‌ವೇರೂ ತಾನಾಗಿ ಸರಿಯಾಗಿ ಹುಡುಕುವುದು ಕಷ್ಟ, ಅಲೆ ಅಷ್ಟು ಉದ್ದ. ಅಲ್ಲಿ ಫೇಸ್ ಗೆರೆಗಳನ್ನು ಕಣ್ಣಿನಲ್ಲೇ ಕೂಡಿಸಬೇಕು. ಪ್ರತಿಧ್ವನಿಯ ಹಾಲ್‌ನಲ್ಲಿ ನೇರ ಸದ್ದಿನ ಬದಲು ಗೋಡೆಯ ಸದ್ದಿನ ಸಮಯ ಸಿಗಬಹುದು. ಅದಕ್ಕೇ ಟೇಪ್ ಜೊತೆಗಿರಲಿ. ಆಟ ನಡೆಯುತ್ತಿರುವಾಗಲೂ ಅಳೆಯಬಹುದು, ಹಾಡೇ ಸಿಗ್ನಲ್ ಆಗುತ್ತದೆ. ಆದರೆ ಚೆಂಡೆಯ ನೇರ ಸದ್ದು ಸ್ಪೀಕರ್‌ನ ಸದ್ದಿನ ಜೊತೆ ಬೆರೆತು ಗೆರೆ ಕುಣಿಯುತ್ತದೆ, ಬರೀ ಪದ ಇರುವಾಗ ನೋಡುವುದು ಒಳ್ಳೆಯದು. ಸದ್ದಿನ ಮಟ್ಟವನ್ನು ಅಂಕಿಯಲ್ಲಿ ಹೇಳಬೇಕಾದರೆ 94 ಡಿಬಿಯ ಖಚಿತ ಸದ್ದು ಕೊಡುವ ಕ್ಯಾಲಿಬ್ರೇಟರ್ ಇಟ್ಟು ಮೈಕ್ ಸರಿಹೊಂದಿಸಲೇಬೇಕು. ವಸತಿ ಪ್ರದೇಶಕ್ಕೆ 2000ದ ಶಬ್ದ ಮಾಲಿನ್ಯ ನಿಯಮ ಹಗಲು 55, ರಾತ್ರಿ 45 ಡಿಬಿ ಎನ್ನುತ್ತದೆ. ಬಯಲಿನಲ್ಲಿ ಕಾರ್ಯಕ್ರಮ ಮಾಡುವವರು ಸರಿಹೊಂದಿಸದ ಮೈಕ್‌ನ ಅಂಕಿ ನಂಬಿ ಕೂರಬಾರದು.

ಚೆಂಡೆಯ ನಾದ ಹೇಗಿರಬೇಕು, ಭಾಗವತರ ಕಂಠ ಎಷ್ಟು ಮುಂದಿರಬೇಕು ಎಂದು ಇದು ಹೇಳುವುದಿಲ್ಲ. ಅದು ನಮ್ಮ ಕಿವಿಯದೇ ಕೆಲಸ. ಬೇಗ ಹಾಲ್‌ಗೆ ಹೋಗಿ, ವೇಷಧಾರಿಗಳು ಚೌಕಿಯಲ್ಲಿ (ಬಣ್ಣದ ಕೋಣೆಯಲ್ಲಿ) ಬಣ್ಣಕ್ಕೆ ಕೂರುವ ಮೊದಲೇ ಪಿಂಕ್ ನಾಯ್ಸ್, ಅಂದರೆ ಅಳತೆಗೆ ಹಾಕುವ ಬುಸ್ಸೆನ್ನುವ ಸದ್ದು, ಮುಗಿಸಿಬಿಡಿ. ಪ್ರಯಾಣ ಮಾಡಿ ಬಂದ ಕಲಾವಿದರಿಗೆ ಆ ಸದ್ದು ಹಿಂಸೆ. ಮೊದಲ ಸಲ ಮಾಡುವವರು ಈಕ್ವಲೈಸರ್ ಗ್ರಾಫ್ ತೆರೆಯಲೇಬೇಡಿ. ಹಿಂದಿನ ಸಾಲಿಗೆ ಹೋಗಿ ಮೈಕ್ ನಿಲ್ಲಿಸಿ, ಎರಡು ಸ್ಪೀಕರ್‌ಗಳ ಸಮಯ ಬರೆದುಕೊಳ್ಳಿ.