ಗಾಳಿಯಿಂದ ತೆಗೆದು ಬಂಡೆಯಲ್ಲಿ ಇಟ್ಟುಕೊಡುವ ಸೇವೆ: ಎರಡು ವರ್ಷದ ಚಂದಾದಾರನ ವಿಮರ್ಶೆ

ತಿಂಗಳಿಗೆ ಐವತ್ತು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡನ್ನು ನನ್ನ ಹೆಸರಿನಲ್ಲಿ ಗಾಳಿಯಿಂದ ಹೊರತೆಗೆದು, ನೆಲದಡಿಯ ಬಂಡೆಯಲ್ಲಿ ಶಾಶ್ವತವಾಗಿ ಇರಿಸಿಕೊಡುವುದಾಗಿ ಹೇಳಿದ ಸೇವೆಯೊಂದಕ್ಕೆ ನಾನು ಎರಡು ವರ್ಷ ಚಂದಾ ಕಟ್ಟಿದ್ದೇನೆ. ಮಾರಿದವರು ಸ್ವತಃ ಸ್ಥಾವರ ನಡೆಸುವವರಲ್ಲ; ಬೇರೆ ಬೇರೆ ಸ್ಥಾವರಗಳಿಂದ ಸಗಟಾಗಿ ಕೊಂಡು ನನ್ನಂಥವರಿಗೆ ಚಿಲ್ಲರೆಯಾಗಿ ಹಂಚುವ ಮಧ್ಯವರ್ತಿಗಳು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೊಂಡ ಸರಕನ್ನು ಕಣ್ಣಿಂದ ನೋಡುವಂತಿಲ್ಲ, ತೂಗಿ ನೋಡುವಂತಿಲ್ಲ, ಸರಿಯಿಲ್ಲವೆಂದು ಹಿಂದಿರುಗಿಸುವಂತೆಯೂ ಇಲ್ಲ. ಹೀಗಿರುವಾಗ ಇದರ ಗುಣವನ್ನು ಅಳೆಯಲು ಗ್ರಾಹಕನ ಬಳಿ ಉಳಿಯುವುದು ಕಾಗದಪತ್ರ ಮತ್ತು ಸ್ವಲ್ಪ ರಸಾಯನಶಾಸ್ತ್ರ ಮಾತ್ರ. ಎರಡನ್ನೂ ತಕ್ಕಮಟ್ಟಿಗೆ ಓದಿದ ಮೇಲೆ ನನಗೆ ಅನ್ನಿಸಿದ್ದು ಇಷ್ಟು: ಕೇಳಿದಾಗ ನಂಬಲು ಕಷ್ಟವೆನಿಸುವ ಭಾಗವೇ, ಅಂದರೆ ಅನಿಲ ಕಲ್ಲಾಗುತ್ತದೆ ಎಂಬ ಮಾತೇ, ಇಡೀ ಸೇವೆಯಲ್ಲಿ ಹೆಚ್ಚು ಗಟ್ಟಿಯಾದದ್ದು; ಬಿಲ್ಲು, ದಿನಾಂಕ, ಕಿಲೋಗ್ರಾಂ ಎಂಬ ಸಾಮಾನ್ಯ ಸಂಗತಿಗಳೇ ಸಡಿಲವಾದವು.

ಮೊದಲು ಐವತ್ತು ಕಿಲೋಗ್ರಾಂ ಎಂದರೆ ಎಷ್ಟು ಎಂಬುದನ್ನು ನೋಡೋಣ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಆ ಲೆಕ್ಕದಲ್ಲಿ ನನ್ನ ತಿಂಗಳ ಚಂದಾ ಇಪ್ಪತ್ತೆರಡು ಲೀಟರಿಗೆ ಸಮ. ಶುದ್ಧ ಅನಿಲವಾಗಿ ಅದು ಉದ್ದ, ಅಗಲ, ಎತ್ತರ ಮೂರೂ ಮೂರು ಮೀಟರ್ ಇರುವ ಕೋಣೆಯನ್ನು ತುಂಬುತ್ತದೆ. ಆದರೆ ಗಾಳಿಯಲ್ಲಿ ಅದು ಶುದ್ಧವಾಗಿ ಸಿಗುವುದಿಲ್ಲ. ಈಗಿನ ವಾತಾವರಣದಲ್ಲಿ ಸರಿಸುಮಾರು 2,400 ಅಣುಗಳಿಗೆ ಒಂದು ಅಣು ಮಾತ್ರ ಇಂಗಾಲದ ಡೈಆಕ್ಸೈಡಿನದ್ದು. ಒಂದು ಘನ ಮೀಟರ್ ಗಾಳಿಯನ್ನು ಪೂರ್ತಿ ಸೋಸಿದರೂ ಒಂದು ಗ್ರಾಂ ಸಿಗುವುದಿಲ್ಲ. ಆದ್ದರಿಂದ ನನ್ನ ಒಂದು ತಿಂಗಳ ಪಾಲಿಗೆ ಕಡಿಮೆಯೆಂದರೂ ಅರವತ್ತು ಸಾವಿರ ಘನ ಮೀಟರ್ ಗಾಳಿ ಫ್ಯಾನುಗಳ ಮೂಲಕ ಹಾಯಬೇಕು, ಅದೂ ಒಂದು ಅಣುವೂ ತಪ್ಪಿಸಿಕೊಳ್ಳದಿದ್ದರೆ. ಕಲ್ಲಿದ್ದಲು ಸ್ಥಾವರದ ಚಿಮಣಿಯ ಹೊಗೆಯಲ್ಲಿ ಇದೇ ಅನಿಲ ಶೇ. 10ಕ್ಕಿಂತ ಹೆಚ್ಚಿರುತ್ತದೆ. ಬಿಟ್ಟ ಮೇಲೆ ಹಿಡಿಯುವುದು ಬಿಡುವ ಮುನ್ನ ಹಿಡಿಯುವುದಕ್ಕಿಂತ ಏಕೆ ಇಷ್ಟು ದುಬಾರಿ ಎಂಬುದಕ್ಕೆ ಬೇರೆ ವಿವರಣೆ ಬೇಕಿಲ್ಲ.

ಹಿಡಿಯುವ ಕ್ರಮ ಸರಳವಾದದ್ದೇ. ಇಂಗಾಲದ ಡೈಆಕ್ಸೈಡನ್ನು ಹಿಡಿದುಕೊಳ್ಳುವ ಅಮೀನ್ ಎಂಬ ರಾಸಾಯನಿಕ ಲೇಪಿಸಿದ ಘನ ಪದಾರ್ಥವನ್ನು ಪೆಟ್ಟಿಗೆಯಲ್ಲಿಟ್ಟು ಅದರ ಮೇಲೆ ಗಾಳಿ ಹಾಯಿಸುತ್ತಾರೆ. ಪದಾರ್ಥ ತುಂಬಿಕೊಂಡಾಗ ಪೆಟ್ಟಿಗೆಯ ಬಾಗಿಲು ಮುಚ್ಚಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ವರೆಗೆ ಬಿಸಿ ಮಾಡುತ್ತಾರೆ. ಹಿಡಿದದ್ದು ಬಿಡುಗಡೆಯಾಗಿ ಕೊಳವೆ ಸೇರುತ್ತದೆ. ಮತ್ತೆ ಬಾಗಿಲು ತೆರೆಯುತ್ತದೆ. ಸುಣ್ಣದ ರಸಾಯನವನ್ನು ಬಳಸುವ ಇನ್ನೊಂದು ಪದ್ಧತಿಗೆ 900 ಡಿಗ್ರಿಯ ಕುಲುಮೆ ಬೇಕು. ಎರಡರಲ್ಲೂ ಖರ್ಚಿನ ಮೂಲ ಶಾಖ ಮತ್ತು ವಿದ್ಯುತ್ತೇ. ಆ ಶಕ್ತಿ ಕಲ್ಲಿದ್ದಲಿನಿಂದ ಬಂದರೆ ಮೂಗಿಗಿಂತ ಮೂಗುತಿ ಭಾರವಾಗುತ್ತದೆ. ಆದ್ದರಿಂದಲೇ ಐಸ್‌ಲ್ಯಾಂಡಿನಲ್ಲಿ ಈ ಕೆಲಸ ಹೆಲ್ಲಿಶೈದಿ ಭೂಶಾಖ ವಿದ್ಯುತ್ ಸ್ಥಾವರದ ಪಕ್ಕದಲ್ಲಿ ಬೇರೂರಿತು. ಸ್ವಿಟ್ಜರ್ಲೆಂಡಿನ ಕ್ಲೈಮ್‌ವರ್ಕ್ಸ್ ಕಂಪನಿ ಅಲ್ಲಿ 2021ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 4,000 ಟನ್ ವಿನ್ಯಾಸ ಸಾಮರ್ಥ್ಯದ ಓರ್ಕಾ ಸ್ಥಾವರವನ್ನು, 2024ರ ಮೇ ತಿಂಗಳಲ್ಲಿ 36,000 ಟನ್ ಸಾಮರ್ಥ್ಯದ ಮ್ಯಾಮತ್ ಸ್ಥಾವರವನ್ನು ಆರಂಭಿಸಿತು. ವಿನ್ಯಾಸ ಸಾಮರ್ಥ್ಯ ಎಂಬ ಪದವನ್ನು ಗ್ರಾಹಕರು ಎಚ್ಚರದಿಂದ ಓದಬೇಕು, ಏಕೆಂದರೆ ಅದು ಎಲ್ಲ ಪೆಟ್ಟಿಗೆಗಳೂ ವರ್ಷವಿಡೀ ಅಂದುಕೊಂಡಂತೆ ನಡೆದರೆ ದೊರೆಯುವ ಅಂಕಿ. ನನ್ನ ಪಾಲಿಗೆ ಬರುವುದು ಆ ಅಂಕಿಯಿಂದಲ್ಲ, ನಿಜವಾಗಿ ಹಿಡಿದದ್ದರಿಂದ.

ಈಗ ನನಗೆ ಅತ್ಯಂತ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಹೆಲ್ಲಿಶೈದಿಯಲ್ಲಿ ಕಾರ್ಬ್‌ಫಿಕ್ಸ್ ಎಂಬ ಸಂಸ್ಥೆ ಬಳಸುವ ವಿಧಾನದಲ್ಲಿ ಅನಿಲವನ್ನು ನೀರಿನಲ್ಲಿ ಕರಗಿಸಿ, ಲಾವಾ ಆರಿ ಆದ ಬಸಾಲ್ಟ್ ಶಿಲೆಯೊಳಕ್ಕೆ ಇಳಿಸುತ್ತಾರೆ. ಆ ನೀರು ಸೋಡಾದಂತೆ ಸ್ವಲ್ಪ ಆಮ್ಲೀಯವಾಗಿರುವುದರಿಂದ ಶಿಲೆಯಿಂದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಕಬ್ಬಿಣಗಳನ್ನು ಕರಗಿಸಿಕೊಳ್ಳುತ್ತದೆ. ಅವು ಕರಗಿದ ಇಂಗಾಲದೊಡನೆ ಸೇರಿ ಬಂಡೆಯ ಸಣ್ಣ ಸಣ್ಣ ರಂಧ್ರಗಳಲ್ಲಿ ಕ್ಯಾಲ್ಸೈಟ್‌ನಂಥ (ಸುಣ್ಣದಕಲ್ಲಿನ ಮುಖ್ಯ ಖನಿಜ) ಖನಿಜಗಳಾಗಿ ಕೂರುತ್ತವೆ. 2012ರ ಪ್ರಯೋಗದಲ್ಲಿ ಸುಮಾರು 175 ಟನ್ ಶುದ್ಧ ಅನಿಲವನ್ನು ಇಳಿಸುವಾಗ, ಇಳಿಸಿದ್ದನ್ನು ಗುರುತಿಸುವುದಕ್ಕಾಗಿ ಅದರಲ್ಲಿ ಇಂಗಾಲದ ವಿಕಿರಣಶೀಲ ರೂಪವಾದ ಕಾರ್ಬನ್-14ನ್ನು ಗುರುತಾಗಿ ಬೆರೆಸಿದ್ದರು. ಇಳಿಸಿದ ಇಂಗಾಲದಲ್ಲಿ ಶೇ. 95ಕ್ಕೂ ಹೆಚ್ಚು ಪಾಲು ಎರಡು ವರ್ಷದೊಳಗೆ ಖನಿಜವಾಯಿತೆಂದು 2016ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ವರದಿಯಾಯಿತು. ಶತಮಾನಗಳೇ ಬೇಕಾದೀತು ಎಂಬ ಅಂದಾಜು ಇದ್ದ ಕಾಲದಲ್ಲಿ ಇದು ಸಣ್ಣ ಸುದ್ದಿಯಲ್ಲ. ಶೇಕಡಾವಾರಿಗಿಂತ ನನ್ನನ್ನು ಒಪ್ಪಿಸಿದ್ದು ಅದರಲ್ಲಿನ ಒಂದು ಸಣ್ಣ ವಿವರ: ಗಮನಿಕೆಯ ಬಾವಿಯಲ್ಲಿ ಮುಳುಗಿಸಿಟ್ಟಿದ್ದ ಪಂಪು ಕೆಟ್ಟು ನಿಂತಾಗ ಮೇಲೆತ್ತಿ ನೋಡಿದರೆ, ಅದರ ಮೈತುಂಬ ಕ್ಯಾಲ್ಸೈಟ್ ಕಟ್ಟಿಕೊಂಡಿತ್ತು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವುದನ್ನು ಕಂಡವರಿಗೆ ಈ ದೃಶ್ಯ ಅಪರಿಚಿತವಲ್ಲ.

ನನ್ನ ತಿಂಗಳ ಐವತ್ತು ಕಿಲೋಗ್ರಾಂ ಪೂರ್ತಿಯಾಗಿ ಕ್ಯಾಲ್ಸೈಟ್ ಆದರೆ ಸುಮಾರು 114 ಕಿಲೋಗ್ರಾಂ ಕಲ್ಲಾಗುತ್ತದೆ. ಉಳಿದ ತೂಕ ಬಂಡೆಯದೇ ಕೊಡುಗೆ. ಗಾತ್ರದಲ್ಲಿ ಅದು ನಲವತ್ತೆರಡು ಲೀಟರ್, ಅಂದರೆ ಎರಡು ದೊಡ್ಡ ಬಕೆಟ್. ಕೋಣೆ ತುಂಬುವ ಅನಿಲ ಎರಡು ಬಕೆಟ್ ಕಲ್ಲಾಗುತ್ತದೆ ಎಂಬ ಈ ಲೆಕ್ಕವನ್ನು ಮಾಡಿದ ದಿನ ನಾನು ಚಂದಾ ಹಣದ ಬಗ್ಗೆ ಗೊಣಗಲಿಲ್ಲ. ಇದರ ಬೆಲೆಯೂ ಇದೆ: ಒಂದು ಟನ್ ಅನಿಲ ಕರಗಿಸಲು ಸುಮಾರು 25 ಟನ್ ನೀರು ಬೇಕು, ಮತ್ತು ಬಸಾಲ್ಟ್ ಎಲ್ಲೆಡೆ ಕಾಲಡಿಯಲ್ಲಿ ಸಿಗುವುದಿಲ್ಲ. ಬಸಾಲ್ಟ್ ಇಲ್ಲದ ಕಡೆ ಒತ್ತಡಕ್ಕೊಳಪಡಿಸಿದ ಅನಿಲವನ್ನು ಎಂಟುನೂರು ಮೀಟರಿಗೂ ಆಳದ ಉಪ್ಪುನೀರಿನ ಮರಳುಗಲ್ಲಿಗೆ ಇಳಿಸಿ, ಮೇಲಿನ ಬಿಗಿಯಾದ ಶಿಲಾಪದರವನ್ನೇ ಮುಚ್ಚಳವಾಗಿ ನಂಬುತ್ತಾರೆ. ನಾರ್ವೆಯ ಸ್ಲೈಪ್ನರ್ ಅನಿಲಕ್ಷೇತ್ರದಲ್ಲಿ 1996ರಿಂದ ಹೀಗೆ ಸಮುದ್ರತಳದ ಕೆಳಗೆ ಇಂಗಾಲದ ಡೈಆಕ್ಸೈಡ್ ಇಳಿಯುತ್ತ ಬಂದಿದೆ. ಅದು ಗಾಳಿಯಿಂದ ತೆಗೆದದ್ದಲ್ಲ, ನೈಸರ್ಗಿಕ ಅನಿಲದಿಂದ ಬೇರ್ಪಡಿಸಿದ್ದು. ಆದರೂ ಸಂಗ್ರಹದ ಅನುಭವವಾಗಿ ಅದು ಲೆಕ್ಕಕ್ಕೆ ಬರುತ್ತದೆ. ಬೆಲೆಯ ಹೊರತಾಗಿ ಸಂಗ್ರಹವನ್ನು ಮಾತ್ರ ಅಳೆದರೆ ಈ ಸೇವೆಗೆ ಐದಕ್ಕೆ ಐದು ಅಂಕ ಕೊಡಲು ನನಗೆ ಹಿಂಜರಿಕೆಯಿಲ್ಲ.

ದೂರು ಶುರುವಾಗುವುದು ನೆಲದ ಮೇಲೆ. ಮೊದಲ ತಿಂಗಳ ಹಣ ಕಡಿತವಾದ ಕೂಡಲೇ ನನಗೆ ಬಂದ ಮಿಂಚಂಚೆಯಲ್ಲಿ “ನೀವು 50 ಕಿಲೋಗ್ರಾಂ ತೆಗೆದಿದ್ದೀರಿ” ಎಂದು ಭೂತಕಾಲದಲ್ಲಿ ಬರೆದಿತ್ತು. ಒಪ್ಪಂದದ ಷರತ್ತುಗಳ ಹನ್ನೊಂದನೆಯ ಕಲಮಿನಲ್ಲಿ, ಪಾವತಿಯಾದ ದಿನದಿಂದ ನಾಲ್ಕು ವರ್ಷದೊಳಗೆ ತೆಗೆಯಲಾಗುವುದು ಎಂದಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದರಲ್ಲಿ ತಪ್ಪೇನೂ ಇಲ್ಲ, ಸ್ಥಾವರ ಕಟ್ಟಲು ಮುಂಗಡ ಹಣ ಬೇಕೆಂಬುದು ನನಗೂ ಗೊತ್ತು. ಆದರೆ ಕುಲಾವಿ ತೋರಿಸಿ ಕೂಸು ಹುಟ್ಟಿದೆ ಎನ್ನಬಾರದು. ಮೊದಲ ಪ್ರಮಾಣಪತ್ರ ಕೈಸೇರಿದ್ದು ಹತ್ತೊಂಬತ್ತನೆಯ ತಿಂಗಳಲ್ಲಿ. ಎರಡು ವರ್ಷ ಮುಗಿಯುವ ಹೊತ್ತಿಗೆ ನಾನು ಹಣ ಕೊಟ್ಟದ್ದು 1,200 ಕಿಲೋಗ್ರಾಂಗೆ, ಪ್ರಮಾಣಪತ್ರ ಬಂದದ್ದು 350ಕ್ಕೆ.

ಆ 350ರಲ್ಲೂ 100 ಕಿಲೋಗ್ರಾಂ ಗಾಳಿಯಿಂದ ಹಿಡಿದದ್ದಾಗಿರಲಿಲ್ಲ. ಪ್ರಮಾಣಪತ್ರದ ಕೆಳಗಿನ ಸಾಲಿನಲ್ಲಿ, ಉಳಿದೆಲ್ಲಕ್ಕಿಂತ ಸಣ್ಣ ಅಕ್ಷರದಲ್ಲಿ, ವಿಧಾನ: ಬಯೋಚಾರ್ ಎಂದಿತ್ತು. ಕೃಷಿತ್ಯಾಜ್ಯವನ್ನು ಆಮ್ಲಜನಕ ಸಾಲದಂತೆ ಸುಟ್ಟು ಇದ್ದಿಲು ಮಾಡಿ ಮಣ್ಣಿಗೆ ಸೇರಿಸುವ ವಿಧಾನ ಅದು. ಒಳ್ಳೆಯದೇ, ಮಣ್ಣಿಗೂ ಹಿತ, ಬೆಲೆಯೂ ಬಹಳ ಕಡಿಮೆ. ಆದರೆ ನಾನು ಕೊಂಡದ್ದು ಅದನ್ನಲ್ಲ. ಕೇಳಿದಾಗ “ಸಮಾನ ಗುಣಮಟ್ಟದ ಬದಲಿ” ಪೂರೈಸಲು ಷರತ್ತಿನಲ್ಲಿ ಅವಕಾಶವಿದೆ ಎಂದರು. ಮಣ್ಣಿನಲ್ಲಿ ಬೆರೆತ ಇದ್ದಿಲು ಎಷ್ಟು ಶತಮಾನ ಉಳಿಯುತ್ತದೆ ಎಂಬುದು ಅದನ್ನು ಸುಟ್ಟ ಉಷ್ಣತೆ, ಮಣ್ಣಿನ ಗುಣ, ಹವಾಮಾನ ಇವೆಲ್ಲವನ್ನು ಅವಲಂಬಿಸಿದ ಪ್ರಶ್ನೆ. ಬಂಡೆಯಲ್ಲಿ ಕ್ಯಾಲ್ಸೈಟ್ ಆದದ್ದಕ್ಕೆ ಅಂಥ ಪ್ರಶ್ನೆ ಇಲ್ಲ. ಎರಡೂ ಸಮಾನವಾಗಿದ್ದರೆ ಬೆಲೆಯಲ್ಲಿ ಅಷ್ಟೊಂದು ಅಂತರ ಏಕೆಂಬ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕೊನೆಗೆ ಆ ಎರಡು ತಿಂಗಳ ಹಣವನ್ನು ಖಾತೆಗೆ ಮರಳಿಸಿದರು ಎಂಬುದನ್ನೂ ಹೇಳಬೇಕು. ನಾಲ್ಕು ಪತ್ರ ಬರೆದ ಮೇಲೆ.

ಇನ್ನೊಂದು ಗೊಂದಲ ಒಟ್ಟು ಮತ್ತು ನಿವ್ವಳದ್ದು. ಫ್ಯಾನು ತಿರುಗಿಸಲು, ಬಿಸಿ ಮಾಡಲು, ಉಕ್ಕು ಮತ್ತು ಕಾಂಕ್ರೀಟಿನಿಂದ ಸ್ಥಾವರ ಕಟ್ಟಲು, ಹಳೆಯ ಹೀರುಪದಾರ್ಥದ ಬದಲು ಹೊಸದನ್ನು ತುಂಬಲು ಆಗುವ ಹೊರಸೂಸುವಿಕೆಯನ್ನು ಕಳೆದ ಮೇಲೆ ಉಳಿಯುವುದೇ ನಿವ್ವಳ. ನನ್ನ ಪ್ರಮಾಣಪತ್ರಗಳಲ್ಲಿ ಮೂರರಲ್ಲಿ ನಿವ್ವಳ ಎಂಬ ಪದವಿತ್ತು, ಉಳಿದವುಗಳಲ್ಲಿ ಬರೀ ಪ್ರಮಾಣ ಎಂದಿತ್ತು. ಯುರೋಪಿಯನ್ ಒಕ್ಕೂಟ 2024ರಲ್ಲಿ ಶಾಶ್ವತ ಇಂಗಾಲ ತೆಗೆತಕ್ಕೆ ಪ್ರಮಾಣೀಕರಣ ನಿಯಮ ರೂಪಿಸಿದ್ದು ಇಂಥ ಸಡಿಲಿಕೆಗಳನ್ನು ಬಿಗಿಗೊಳಿಸಲಿಕ್ಕೇ.

ಬೆಲೆಯ ಮಾತು ಚಿಕ್ಕದು. ಗಾಳಿಯಿಂದ ನೇರವಾಗಿ ತೆಗೆದು ಸಂಗ್ರಹಿಸಿದ ಒಂದು ಟನ್ನಿಗೆ ಇಂದಿಗೂ ನೂರಾರು ಡಾಲರ್ ತೆರಬೇಕು, ಬಿಡಿಯಾಗಿ ಕೊಳ್ಳುವವರಿಗೆ ಸಾವಿರ ದಾಟುವುದೂ ಉಂಟು. ಅಮೆರಿಕವು 2022ರ ಕಾಯಿದೆಯಲ್ಲಿ ಹೀಗೆ ಸಂಗ್ರಹಿಸಿದ ಪ್ರತಿ ಟನ್ನಿಗೆ 180 ಡಾಲರ್ ವರೆಗೆ ತೆರಿಗೆ ವಿನಾಯಿತಿ ಕೊಟ್ಟರೂ ಆ ಅಂತರ ಮುಚ್ಚುವುದಿಲ್ಲ. ಪಳೆಯುಳಿಕೆ ಇಂಧನಗಳಿಂದ ಜಗತ್ತು ವರ್ಷಕ್ಕೆ ಹೊರಬಿಡುವುದು ಸುಮಾರು 3,700 ಕೋಟಿ ಟನ್. ಮ್ಯಾಮತ್ ಪೂರ್ಣ ಸಾಮರ್ಥ್ಯದಲ್ಲಿ ಒಂದು ವರ್ಷ ದುಡಿದರೆ ಅದರ ಅರ್ಧ ನಿಮಿಷದ ಪಾಲನ್ನು ಹಿಂದಕ್ಕೆ ಪಡೆಯುತ್ತದೆ. ತಾನು ಸುಡುವುದನ್ನು ಕಡಿಮೆ ಮಾಡದೆ ಇದನ್ನು ಪಾಪಪರಿಹಾರದ ಚೀಟಿಯಂತೆ ಕೊಳ್ಳುವವರಿಗೆ ನಾನು ಇದನ್ನು ಶಿಫಾರಸು ಮಾಡಲಾರೆ. ಸಿಮೆಂಟು, ವಿಮಾನಯಾನಗಳಂಥ ಸುಲಭವಾಗಿ ಬಗ್ಗದ ಹೊರಸೂಸುವಿಕೆಗೆ ಮುಂದೆ ಬೇಕಾಗುವ ಒಂದು ಕೆಲಸ ಈಗ ಕಲಿಕೆಯ ಹಂತದಲ್ಲಿದೆ, ಅದರ ಕಲಿಕೆಯ ಶುಲ್ಕದಲ್ಲಿ ನನ್ನದೂ ಒಂದು ಪಾಲಿರಲಿ ಎನ್ನುವವರು ಕೊಳ್ಳಬಹುದು.

ಕೊಳ್ಳುವವರು ಹಣ ಕಟ್ಟುವ ಮೊದಲು ಮಾರುವವರಿಂದ ಬರಹದಲ್ಲಿ ಪಡೆಯಬೇಕಾದದ್ದು ಯಾವ ಸ್ಥಾವರ, ಯಾವ ಶಿಲೆ, ಯಾವ ತಿಂಗಳಲ್ಲಿ ಇಳಿಸಿದ್ದು, ನಿವ್ವಳ ಎಷ್ಟು, ಬದಲಿ ಪೂರೈಸಲು ನಮ್ಮ ಒಪ್ಪಿಗೆ ಬೇಕೇ ಎಂಬಿಷ್ಟನ್ನು. ಸಾರ್ವಜನಿಕ ನೋಂದಣಿ ಪುಸ್ತಕದಲ್ಲಿ ಆ ಟನ್ನು ನಮ್ಮ ಹೆಸರಿಗೆ ಸಂದು ರದ್ದಾಗಿದೆಯೇ ಎಂಬುದನ್ನೂ ನೋಡಿಕೊಳ್ಳಬೇಕು, ಇಲ್ಲವಾದರೆ ಅದೇ ಟನ್ನು ಇನ್ನೊಬ್ಬರಿಗೂ ಮಾರಾಟವಾಗುವ ಸಾಧ್ಯತೆ ಉಳಿಯುತ್ತದೆ. ನಾನು ತಿಂಗಳ ಚಂದಾವನ್ನು ನಿಲ್ಲಿಸಿದ್ದೇನೆ. ಬಾಕಿ ಇರುವ ಕಿಲೋಗ್ರಾಂಗಳಿಗೆ ಹಣ ಹಿಂದಕ್ಕೆ ಕೇಳಿಲ್ಲ. ಷರತ್ತಿನ ನಾಲ್ಕು ವರ್ಷ ಮುಗಿಯಲು ಇನ್ನೂ ಕಾಲವಿದೆ. ಮುಂದಿನ ಖರೀದಿ, ಅನಿಲ ಬಂಡೆಗೆ ಇಳಿದ ಮೇಲೆ ಬಿಲ್ಲು ಕಳಿಸುವ ಮಾರಾಟಗಾರರು ಸಿಕ್ಕಾಗ.