ಕ್ರೀಟ್‌ನಿಂದ ಸಾಂಟೊರಿನಿಗೆ ಒಂದೇ ದಿನದ ಗೈಡೆಡ್ ಟೂರ್: ದುಡ್ಡು ಕಟ್ಟುವ ಮುಂಚೆ ಓದಿ

ಗ್ರೀಸ್‌ನ ಕ್ರೀಟ್ ದ್ವೀಪಕ್ಕೆ ರಜೆಗೆ ಹೋಗುವವರಿಗೆ ನೇರವಾಗಿ ಹೇಳಿಬಿಡುತ್ತೇನೆ. ಅಲ್ಲಿಂದ ಬೆಳಗ್ಗೆ ಹೊರಟು ರಾತ್ರಿ ವಾಪಸ್ ಬರುವ "ಸಾಂಟೊರಿನಿ ಫುಲ್ ಡೇ" ಟೂರ್ ತಗೋಬೇಡಿ. ಜುಲೈ, ಆಗಸ್ಟ್‌ನಲ್ಲಂತೂ ಬೇಡ. ವಯಸ್ಸಾದ ಅಪ್ಪ ಅಮ್ಮನನ್ನೋ ಚಿಕ್ಕ ಮಕ್ಕಳನ್ನೋ ಕರೆದುಕೊಂಡು ಹೋಗುವುದಾದರೆ ಬೇಡವೇ ಬೇಡ. ಸಾಂಟೊರಿನಿ ಚೆನ್ನಾಗಿಲ್ಲ ಅಂತ ನಾನು ಹೇಳುತ್ತಿಲ್ಲ. ಅದು ನೋಡಲೇಬೇಕಾದ ದ್ವೀಪ. ಆದರೆ ಈ ಟೂರ್‌ನಲ್ಲಿ ಹೋದರೆ ಅದನ್ನು ನೋಡೋಕೆ ಆಗಲ್ಲ.

ನಾವು ಇರುವುದು ಜರ್ಮನಿಯಲ್ಲಿ. ಊರಿಂದ ಅಪ್ಪ ಅಮ್ಮ ಬಂದಿದ್ದರು. ಎಲ್ಲರೂ ಸೇರಿ ಕ್ರೀಟ್‌ನ ರೆಥಿಮ್ನೋ ಪೇಟೆಯಲ್ಲಿ ಉಳಿದುಕೊಂಡಿದ್ದೆವು. ಅಲ್ಲಿ ಬೀದಿ ಬೀದಿಯಲ್ಲೂ ಟೂರ್ ಆಫೀಸು, ಪ್ರತಿಯೊಂದರ ಬಾಗಿಲಲ್ಲೂ ಅದೇ ಫೋಟೋ. ನೀಲಿ ಗುಮ್ಮಟ, ಬಿಳಿ ಮನೆಗಳು, ಹಿಂದೆ ಕೆಂಪಗೆ ಮುಳುಗುತ್ತಿರುವ ಸೂರ್ಯ. ಅಮ್ಮ ಅದರ ಮುಂದೆ ನಿಂತು "ಇದನ್ನ ಟೀವಿಲಿ ನೋಡಿದೀನಿ ಕಣೋ, ಹೋಗೋಣ್ವಾ?" ಅಂದರು.

ಆ ಸೂರ್ಯಾಸ್ತದ ವಿಷಯವನ್ನೇ ಮೊದಲು ಹೇಳುತ್ತೇನೆ. ಜುಲೈನಲ್ಲಿ ಸಾಂಟೊರಿನಿಯಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ಸುಮಾರಿಗೆ. ನಮ್ಮ ವಾಪಸ್ ಹಡಗು ಸಂಜೆ ಐದೂವರೆಗೆ. ಹಡಗು ಹತ್ತೋಕೆ ಓಯಾ ಹಳ್ಳಿಯನ್ನು ಮಧ್ಯಾಹ್ನವೇ ಬಿಡಬೇಕು. ಅಂದರೆ ಯಾವ ಫೋಟೋ ತೋರಿಸಿ ಟಿಕೆಟ್ ಮಾರುತ್ತಾರೋ ಆ ದೃಶ್ಯ ಈ ಟೂರ್‌ನಲ್ಲಿ ಇಲ್ಲವೇ ಇಲ್ಲ. ಕರಪತ್ರದಲ್ಲಿ "ಸೂರ್ಯಾಸ್ತಕ್ಕೆ ಹೆಸರಾದ ಓಯಾ" ಅಂತ ಬರೆದಿರುತ್ತಾರೆ. ಓಯಾ ಅದಕ್ಕೆ ಹೆಸರಾಗಿರುವುದು ನಿಜ. ನಿಮಗೆ ಅದು ಕಾಣಲ್ಲ ಅನ್ನುವ ಮಾತು ಮಾತ್ರ ಎಲ್ಲೂ ಬರೆದಿರುವುದಿಲ್ಲ. ವಯಸ್ಸಾದವರನ್ನು ಆಸೆ ತೋರಿಸಿ ಕರೆದುಕೊಂಡು ಹೋಗಿ ಹೀಗೆ ಮಾಡುವುದು ನನಗೆ ಮೋಸವಾಗಿಯೇ ಕಾಣುತ್ತದೆ.

ಇನ್ನು ಸಮಯದ ಲೆಕ್ಕ. ಕ್ರೀಟ್‌ನ ಹೆರಾಕ್ಲಿಯಾನ್ ಬಂದರಿನಿಂದ ಸಾಂಟೊರಿನಿಗೆ ಸುಮಾರು 120 ಕಿ.ಮೀ. ಸಮುದ್ರ. ಸ್ಪೀಡ್ ಫೆರಿಯಲ್ಲಿ ಎರಡು ಗಂಟೆ. ಕೇಳೋಕೆ ಸುಲಭ ಅನ್ನಿಸುತ್ತೆ, ಅಲ್ವಾ? ಆದರೆ ರೆಥಿಮ್ನೋದಿಂದ ಹೆರಾಕ್ಲಿಯಾನ್‌ಗೆ 80 ಕಿ.ಮೀ. ರಸ್ತೆ ಇದೆ. ಹಾನಿಯಾ ಕಡೆ ಉಳಿದುಕೊಂಡವರಿಗೆ 140 ಕಿ.ಮೀ. ದಾರಿಯಲ್ಲಿ ಒಂದೊಂದು ಹೋಟೆಲಿನ ಹತ್ತಿರವೂ ಬಸ್ ನಿಲ್ಲುತ್ತದೆ. "ಹೋಟೆಲ್ ಪಿಕಪ್" ಅಂತ ಹೇಳಿದ್ದು ಕೊನೆಗೆ ಮೇನ್ ರೋಡಿನ ಒಂದು ಪೆಟ್ರೋಲ್ ಬಂಕ್ ಎದುರು ಅಂತಾಯಿತು. ಇನ್ನೂ ಕತ್ತಲಿರುವಾಗ ಅಪ್ಪ ಅಮ್ಮ ಅಲ್ಲಿ ರಸ್ತೆ ಬದಿಯ ಕಟ್ಟೆ ಮೇಲೆ ಕೂತು ಬಸ್ಸಿಗೆ ಕಾದರು. ಹಡಗು ಹತ್ತುವ ಹೊತ್ತಿಗೇ ಇಬ್ಬರೂ ಸುಸ್ತಾಗಿದ್ದರು.

ಆಮೇಲೆ ಸಮುದ್ರ. ಇದನ್ನು ಯಾರೂ ಹೇಳಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯಲ್ಲಿ ಮೆಲ್ಟೆಮಿ ಅನ್ನುವ ಗಾಳಿ ಬೀಸುತ್ತದೆ. ಉತ್ತರದಿಂದ ಬರುವ ಒಣಗಾಳಿ. ಜುಲೈ, ಆಗಸ್ಟ್‌ನಲ್ಲಿ ಇದರ ಜೋರು ಜಾಸ್ತಿ, ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಮೋಸ ಏನೆಂದರೆ ಮೇಲೆ ಆಕಾಶ ತಿಳಿಯಾಗಿರುತ್ತದೆ, ಬಿಸಿಲು ಫಳಫಳ ಹೊಳೆಯುತ್ತಿರುತ್ತದೆ. ದಡದಲ್ಲಿ ನಿಂತವರಿಗೆ ಒಳ್ಳೇ ಹವಾ ಅನ್ನಿಸುತ್ತದೆ. ಕ್ರೀಟ್ ಬಿಟ್ಟ ಮೇಲೆ ಬರೀ ತೆರೆದ ಸಮುದ್ರ. ಹಡಗು ಹೋಗುವುದು ಉತ್ತರಕ್ಕೆ, ಅಂದರೆ ಅಲೆಗಳಿಗೆ ಎದುರಾಗಿ.

ಅರ್ಧ ಗಂಟೆ ಕಳೆಯುವುದರೊಳಗೆ ಹಡಗು ಎದ್ದು ಎದ್ದು ಬೀಳತೊಡಗಿತು. ಈ ಸ್ಪೀಡ್ ಫೆರಿಗಳಲ್ಲಿ ಒಳಗೇ ಕೂರಬೇಕು, ಕಿಟಕಿ ತೆರೆಯೋಕಾಗಲ್ಲ, ಹೊರಗೆ ಗಾಳಿಗೆ ನಿಲ್ಲುವ ಜಾಗ ಇಲ್ಲ. ಮುಂದಿನ ಸಾಲಿನಲ್ಲಿ ಒಬ್ಬರು ಶುರು ಮಾಡಿದರು, ಆಮೇಲೆ ಸಾಲು ಸಾಲಾಗಿ ವಾಂತಿ. ಕೈಗೆ ನೀಲಿ ಗ್ಲೌಸ್ ಹಾಕಿಕೊಂಡ ಸಿಬ್ಬಂದಿ ಒಂದು ಕೈಯಲ್ಲಿ ಸೀಟಿನ ಬೆನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಕಾಗದದ ಚೀಲ ಹಂಚುತ್ತಾ ಓಡಾಡುತ್ತಿದ್ದರು. ತುಂಬಿದ ಚೀಲಗಳನ್ನು ಕಸದ ಕವರಿಗೆ ಹಾಕಿಕೊಂಡು ಹಿಂದೆಯೇ ಇನ್ನೊಬ್ಬರು. ಅಮ್ಮ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದವರು ಬಿಡಲೇ ಇಲ್ಲ. ಅಪ್ಪ ಮುಂದಿನ ಸೀಟಿಗೆ ಹಣೆ ಒತ್ತಿ ಕೂತಿದ್ದರು. "ಇನ್ನೆಷ್ಟು ಹೊತ್ತು?" ಅಂತ ಕೇಳುವ ದನಿ ಕೂಡ ಅವರಲ್ಲಿ ಉಳಿದಿರಲಿಲ್ಲ.

ಹೋಗಲೇಬೇಕು ಅನ್ನುವವರು ಹಿಂದಿನ ದಿನ ಗಾಳಿಯ ಮುನ್ಸೂಚನೆ ನೋಡಿ. ಗ್ರೀಸ್‌ನಲ್ಲಿ ಅದನ್ನು ಬೋಫರ್ಟ್ ಅಳತೆಯಲ್ಲಿ ಹೇಳುತ್ತಾರೆ. 6 ಅಂದರೆ ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ. ಅಷ್ಟಿದ್ದರೆ ವಯಸ್ಸಾದವರನ್ನು ಕರೆದುಕೊಂಡು ಹೊರಡಬೇಡಿ. ಗಾಳಿ ಇನ್ನೂ ಜೋರಾದರೆ ಬಂದರಿನವರೇ ಹಡಗು ಬಿಡಲ್ಲ. ಆದರೆ ಹಡಗು ಬಿಟ್ಟಿದ್ದಾರೆ ಅಂದ ಮಾತ್ರಕ್ಕೆ ಪ್ರಯಾಣ ಸುಖವಾಗಿರುತ್ತೆ ಅಂತೇನಿಲ್ಲ. ವಾಂತಿ ತಡೆಯುವ ಮಾತ್ರೆಯನ್ನು ಹತ್ತುವುದಕ್ಕೆ ಮುಂಚೆಯೇ ತಗೋಬೇಕು, ಹೊಟ್ಟೆ ತೊಳೆಸೋಕೆ ಶುರುವಾದ ಮೇಲೆ ತಗೊಂಡರೆ ನಿಲ್ಲುವುದಿಲ್ಲ. ಬಿಪಿ, ಶುಗರ್ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳಿಕೊಳ್ಳಿ. ಸೀಟು ಹಡಗಿನ ನಡುಭಾಗದಲ್ಲಿ, ಕೆಳ ಅಂತಸ್ತಿನಲ್ಲಿ ಸಿಕ್ಕರೆ ಕುಲುಕಾಟ ಕಡಿಮೆ.

ಸಾಂಟೊರಿನಿಯಲ್ಲಿ ಫೆರಿ ನಿಲ್ಲುವುದು ಅಥಿನಿಯೋಸ್ ಬಂದರಿನಲ್ಲಿ. ಕಡಿದಾದ ಬಂಡೆಯ ಬುಡದಲ್ಲಿ ಒಂದಿಷ್ಟು ಜಾಗ, ಮೇಲಕ್ಕೆ ಹೋಗೋಕೆ ತಿರುವಿನ ಮೇಲೆ ತಿರುವಿರುವ ಒಂದೇ ರಸ್ತೆ. ಬೇರೆ ಹಡಗಿನವರೂ ಅದೇ ಹೊತ್ತಿಗೆ ಇಳಿದಿದ್ದರು. ಲಾರಿ, ಕಾರು, ಹತ್ತಾರು ಬಸ್ಸು, ಸೂಟ್‌ಕೇಸ್ ಎಳೆಯುವ ಜನ, ಎಲ್ಲಾ ಒಂದೇ ಕಡೆ. ನಮ್ಮ ಬಸ್ ಹುಡುಕಿ, ಎಲ್ಲರೂ ಬಂದರಾ ಅಂತ ಎಣಿಸಿ, ಆ ರಸ್ತೆ ಹತ್ತುವುದರಲ್ಲೇ ಒಂದು ಗಂಟೆ ಹೋಯಿತು.

ಗೈಡ್ ಬಗ್ಗೆಯೂ ಹೇಳಬೇಕು. ಗ್ರೀಸ್‌ನಲ್ಲಿ ಪುರಾತತ್ವ ಸ್ಥಳ, ಮ್ಯೂಸಿಯಂಗಳಲ್ಲಿ ವಿವರಿಸುವ ಲೈಸೆನ್ಸ್ ಇರುವ ಗೈಡ್ ಬೇರೆ. ಗುಂಪನ್ನು ಬಸ್ಸಿಗೆ ಹತ್ತಿಸಿ ಇಳಿಸುವ ಎಸ್ಕಾರ್ಟ್ ಬೇರೆ. ನಮಗೆ ಸಿಕ್ಕಿದ್ದು ಎಸ್ಕಾರ್ಟ್. ಆ ಹುಡುಗಿಯ ತಪ್ಪಿಲ್ಲ, ಪಾಪ ಮೂರು ಭಾಷೆಯಲ್ಲಿ ಒಂದೇ ಮಾತನ್ನು ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಆದರೆ ಅವಳು ಹೇಳಿದ್ದೆಲ್ಲಾ ಎಷ್ಟು ಗಂಟೆಗೆ ಎಲ್ಲಿ ವಾಪಸ್ ಬರಬೇಕು ಅನ್ನುವುದಷ್ಟೇ. ಕ್ರಿ.ಪೂ. 1600ರ ಸುಮಾರಿಗೆ ಇಲ್ಲಿ ಜ್ವಾಲಾಮುಖಿ ಸಿಡಿದು, ದ್ವೀಪದ ನಡುಭಾಗವೇ ಕುಸಿದು, ಅಲ್ಲಿ ಸಮುದ್ರ ತುಂಬಿಕೊಂಡಿದೆ. ಆಗ ಬೂದಿಯಡಿ ಹೂತುಹೋದ ಅಕ್ರೋತಿರಿ ಅನ್ನುವ ಊರನ್ನು 1967ರಿಂದ ಅಗೆದು ತೆಗೆದಿದ್ದಾರೆ. ಎರಡು ಮೂರು ಅಂತಸ್ತಿನ ಮನೆಗಳು, ಚರಂಡಿ, ಸಾಮಾನು ತುಂಬಿಡುವ ದೊಡ್ಡ ಮಡಕೆಗಳು, ಎಲ್ಲಾ ಇದ್ದ ಹಾಗೇ ಇವೆ. ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿದವರು. ಅವರು ಬಂದದ್ದೇ ಅದಕ್ಕೋಸ್ಕರ. ಕರಪತ್ರದಲ್ಲಿ ಅಕ್ರೋತಿರಿಯ ಚಿತ್ರವೂ ಇತ್ತು. ಬಸ್ ಆ ಕಡೆ ತಿರುಗಲೂ ಇಲ್ಲ. ಕೇಳಿದರೆ "ಅದು ಬೇರೆ ಟೂರ್" ಅಂದರು.

ಆ ಹೊತ್ತನ್ನು ಎಲ್ಲಿ ಕಳೆದರು ಗೊತ್ತಾ? ಒಂದು ವೈನ್ ಅಂಗಡಿಯಲ್ಲಿ. ಸಾಂಟೊರಿನಿಯ ದ್ರಾಕ್ಷಿ ಬಳ್ಳಿ ನೋಡೋಕೆ ವಿಶೇಷವಾಗಿದೆ, ಅದನ್ನು ಒಪ್ಪುತ್ತೇನೆ. ಗಾಳಿಯಿಂದ ಕಾಪಾಡೋಕೆ ಬಳ್ಳಿಯನ್ನು ಬುಟ್ಟಿಯ ಹಾಗೆ ಸುತ್ತಿ ನೆಲದ ಮೇಲೇ ಬೆಳೆಸುತ್ತಾರೆ, ಗೊಂಚಲು ಅದರೊಳಗೆ ಇರುತ್ತದೆ. ಆದರೆ ನಮ್ಮನ್ನು ತೋಟಕ್ಕೆ ಬಿಡಲಿಲ್ಲ. ರುಚಿ ನೋಡುವ ಕೌಂಟರ್, ಪಕ್ಕದಲ್ಲಿ ಮಾರಾಟದ ಕಪಾಟು. ವೈನ್ ಕುಡಿಯದ ನಾವು ಮುಕ್ಕಾಲು ಗಂಟೆ ಸುಮ್ನೆ ಹೊರಗೆ ಬಿಸಿಲಲ್ಲಿ ನಿಂತಿದ್ದೆವು.

ಓಯಾದಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಕ್ರೂಸ್ ಹಡಗುಗಳಿಂದ ಬರುವ ಜನ ಎಷ್ಟಾಗಿದ್ದಾರೆ ಅಂದರೆ, 2025ರಿಂದ ದಿನಕ್ಕೆ 8,000 ಕ್ರೂಸ್ ಪ್ರಯಾಣಿಕರು ಅಂತ ಮಿತಿ ಹಾಕಿದ್ದಾರೆ. ಆ ಮಿತಿಯೊಳಗೇ ಎಷ್ಟು ನೂಕುನುಗ್ಗಲು ಅಂತ ಊಹಿಸಿ. ಓಣಿಗಳು ಮೆಟ್ಟಿಲು ಮೆಟ್ಟಿಲಾಗಿವೆ, ಅಮೃತಶಿಲೆಯ ಕಲ್ಲು ಸವೆದು ಜಾರುತ್ತದೆ. ಮೊಣಕಾಲು ನೋವಿರುವ ಅಮ್ಮ ಒಂದು ಚರ್ಚಿನ ಗೋಡೆಯ ನೆರಳು ಹಿಡಿದು ಕೂತರು. ನೀಲಿ ಗುಮ್ಮಟದ ಹತ್ತಿರ ಫೋಟೋಗೆ ಕ್ಯೂ ಇತ್ತು. ನಮ್ಮ ಸರದಿ ಬರುವ ಮೊದಲೇ ಬಸ್ಸಿನ ಹೊತ್ತಾಯಿತು.

ನಮ್ಮ ಬಸ್ಸಿನಲ್ಲಿದ್ದ ಒಂದಿಬ್ಬರು ಎಕ್ಸ್‌ಟ್ರಾ ದುಡ್ಡು ಕೊಟ್ಟು ಜ್ವಾಲಾಮುಖಿ ಮತ್ತು ಬಿಸಿನೀರಿನ ಬುಗ್ಗೆಗೆ ಬೋಟಿನಲ್ಲಿ ಹೋದರು. ಅವರು ಹೇಳಿದ್ದನ್ನೂ ಬರೆಯುತ್ತೇನೆ. ನೆಯಾ ಕಾಮೆನಿ ಅನ್ನುವ ಆ ಕರಿಕಲ್ಲಿನ ದ್ವೀಪದಲ್ಲಿ ಮರ ಇಲ್ಲ, ನೆರಳಿಲ್ಲ, ಜಲ್ಲಿಯಂಥ ದಾರಿಯಲ್ಲಿ ಮೇಲೆ ಹತ್ತಬೇಕು. ಪ್ರವೇಶ ಶುಲ್ಕ ಮತ್ತೆ ಬೇರೆ. ಬಿಸಿನೀರಿನ ಬುಗ್ಗೆಗೆ ಬೋಟ್ ದಡದವರೆಗೆ ಹೋಗಲ್ಲ. ಆಳದ ತಣ್ಣೀರಿಗೆ ಹಾರಿ ಈಜಿಕೊಂಡು ಹೋಗಬೇಕು, ಈಜು ಬರದವರು ಬೋಟಲ್ಲೇ ಕೂರಬೇಕು. ನೀರಿನಲ್ಲಿ ಕಬ್ಬಿಣದ ಅಂಶ ಇದೆ, ತಿಳಿ ಬಣ್ಣದ ಬಟ್ಟೆಗೆ ಕಂದು ಕಲೆ ಹಿಡಿದರೆ ಹೋಗಲ್ಲ. ಆಮೇಲೆ ಅವರನ್ನು ಇಳಿಸಿದ್ದು ಫಿರಾ ಪೇಟೆಯ ಕೆಳಗಿನ ಹಳೇ ಬಂದರಿನಲ್ಲಿ. ಅಲ್ಲಿಂದ ಮೇಲೆ ಬರೋಕೆ ಕೇಬಲ್ ಕಾರ್ ಕ್ಯೂ, ಇಲ್ಲವೇ 588 ಮೆಟ್ಟಿಲು. ಕತ್ತೆ ಸವಾರಿಯೂ ಇದೆ, ದಯವಿಟ್ಟು ಅದು ಬೇಡ. ಆ ಬಿಸಿಲಲ್ಲಿ ಆ ಪ್ರಾಣಿಗಳ ಪಾಡು ನೋಡೋಕಾಗಲ್ಲ.

ಸಂಜೆ ನಮ್ಮನ್ನು ಅಥಿನಿಯೋಸ್‌ನಲ್ಲಿ ಇಳಿಸಿ ಬಸ್ ಹೊರಟುಹೋಯಿತು, ಎಸ್ಕಾರ್ಟ್ ಕೂಡ. ಗಾಳಿಯಿಂದಾಗಿ ಹಡಗು ತಡ ಅಂತ ಗೊತ್ತಾದದ್ದು ಆಮೇಲೆ. ಎರಡು ಗಂಟೆ ಹತ್ತಿರ ಕಾದೆವು. ಒಳಗೆ ಕೂರೋಕೆ ಜಾಗ ಸಾಲದೆ ಜನ ಹೊರಗೆ ನೆಲದ ಮೇಲೆ ಕೂತಿದ್ದರು. ಟೂರ್ ಆಫೀಸಿಗೆ ಫೋನ್ ಮಾಡಿದರೆ "ಹಡಗಿನವರನ್ನು ಕೇಳಿ" ಅಂದರು. ಹಡಗಿನವರು "ನಿಮ್ಮ ಟೂರ್‌ನವರನ್ನು ಕೇಳಿ" ಅಂದರು. ಒಂದು ಬಾಟಲಿ ನೀರನ್ನೂ ಯಾರೂ ಕೊಡಲಿಲ್ಲ. ರೂಮಿಗೆ ಬಂದಾಗ ಮಧ್ಯರಾತ್ರಿ ದಾಟಿತ್ತು. ಮಾರನೇ ದಿನ ಅಮ್ಮ ಹಾಸಿಗೆ ಬಿಟ್ಟು ಏಳಲಿಲ್ಲ.

ಊರಿಗೆ ಮರಳಿದ ಮೇಲೆ ದೂರು ಕೊಟ್ಟಾಗ ತಿಳಿದ ಸಂಗತಿ ಇದು, ಗಮನವಿಟ್ಟು ಓದಿ. ಯುರೋಪಿನಲ್ಲಿ ಪ್ಯಾಕೇಜ್ ಟೂರ್ ಗ್ರಾಹಕರಿಗೆ ಒಳ್ಳೆಯ ಕಾನೂನು ರಕ್ಷಣೆ ಇದೆ. ಆದರೆ 24 ಗಂಟೆಗಿಂತ ಕಡಿಮೆಯ, ರಾತ್ರಿ ಉಳಿಯದ ಟೂರ್‌ಗೆ ಯುರೋಪಿಯನ್ ಯೂನಿಯನ್‌ನ ಆ ನಿಯಮ ಅನ್ವಯಿಸುವುದಿಲ್ಲ. ಡೇ ಟ್ರಿಪ್ ಪೂರ್ತಿ ಅದರಿಂದ ಹೊರಗೆ. ಸಾಮಾನ್ಯ ಫೆರಿ ಪ್ರಯಾಣಿಕರಿಗೆ ಬೇರೆ ನಿಯಮ ಇದೆ, 2010ರ 1177ನೇ ನಂಬರಿನದು. ನಾಲ್ಕು ಗಂಟೆಯೊಳಗಿನ ಪ್ರಯಾಣ ಒಂದು ಗಂಟೆ ತಡವಾಗಿ ತಲುಪಿದರೆ ಟಿಕೆಟ್ ದರದ ಶೇ. 25 ವಾಪಸ್ ಕೇಳಬಹುದು. ಆದರೆ ಹವಾಮಾನ ಅಪಾಯಕಾರಿಯಾಗಿತ್ತು ಅಂತ ಹಡಗಿನವರು ತೋರಿಸಿದರೆ ಅದೂ ಇಲ್ಲ. ನಮಗೆ ಬಂದ ಉತ್ತರ ಅದೇ. ಹೊರಡುವುದು 90 ನಿಮಿಷಕ್ಕಿಂತ ತಡವಾಗುವ ಹಾಗಿದ್ದರೆ, ಸಿಗುವ ಮಟ್ಟಿಗೆ ತಿಂಡಿ, ಕುಡಿಯೋಕೆ ಕೊಡಬೇಕು ಅನ್ನುವ ನಿಯಮ ಮಾತ್ರ ಗಾಳಿ ಇದ್ದರೂ ಉಳಿಯುತ್ತದೆ. ಬಂದರಿನಲ್ಲಿ ಸಿಕ್ಕಿಬಿದ್ದರೆ ಇದನ್ನು ಹೇಳಿ ಕೇಳಿ. ಹಡಗಿನ ಟಿಕೆಟನ್ನು ಟೂರ್‌ನವರಿಗೆ ವಾಪಸ್ ಕೊಟ್ಟುಬಿಡಬೇಡಿ, ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ.

ಸಾಂಟೊರಿನಿ ನೋಡುವ ಆಸೆ ಇದ್ದರೆ ಟೂರ್ ಬಿಟ್ಟು ನೀವೇ ಫೆರಿ ಟಿಕೆಟ್ ತಗೊಂಡು ಹೋಗಿ ಒಂದು ರಾತ್ರಿಯಾದರೂ ಅಲ್ಲಿರಿ. ಫೆರಿ ಬಂದ ಹೊತ್ತಿಗೆ ಬಂದರಿನಿಂದ ಫಿರಾಗೆ ಸರ್ಕಾರಿ ಬಸ್ಸಿನ ಥರದ ಲೋಕಲ್ ಬಸ್ ಇರುತ್ತದೆ. ಫಿರಾದಿಂದ ಓಯಾಗೂ ಅಕ್ರೋತಿರಿಗೂ ಬಸ್ಸಿದೆ. ಸಂಜೆ ಕ್ರೂಸ್ ಜನ ಇಳಿದುಹೋದ ಮೇಲೆ ಸೂರ್ಯಾಸ್ತ ನಿಮಗೂ ಸಿಗುತ್ತದೆ.

ಒಂದೇ ದಿನದಲ್ಲಿ ಬೋಟ್, ದ್ವೀಪ ಎರಡೂ ಬೇಕು ಅನ್ನುವವರು ಕ್ರೀಟ್‌ನ ಪೂರ್ವಕ್ಕಿರುವ ಸ್ಪಿನಾಲೊಂಗಾಗೆ ಹೋಗಿ. ನಾವು ಅಮ್ಮ ಸುಧಾರಿಸಿಕೊಂಡ ಮೇಲೆ ಬಾಡಿಗೆ ಕಾರಿನಲ್ಲಿ ಪ್ಲಾಕಾ ಹಳ್ಳಿಗೆ ಹೋಗಿ ಅಲ್ಲಿಂದ ದಾಟಿದೆವು. ಬೋಟಿನಲ್ಲಿ ಹತ್ತು ನಿಮಿಷ ಅಷ್ಟೇ. ವೆನಿಸ್‌ನವರು 1579ರಲ್ಲಿ ಕಟ್ಟಲು ಶುರು ಮಾಡಿದ ಕೋಟೆ. 1903ರಿಂದ 1957ರವರೆಗೆ ಕುಷ್ಠರೋಗಿಗಳನ್ನು ಅಲ್ಲಿ ಇರಿಸಿದ್ದರು, ಅವರ ಮನೆ, ಅಂಗಡಿ ಬೀದಿ ಇನ್ನೂ ಇದೆ. ಅಪ್ಪ ಒಂದೊಂದು ಫಲಕವನ್ನೂ ನಿಂತು ಓದಿದರು. ಸೀಸನ್‌ನಲ್ಲಿ ಬೋಟುಗಳು ಹೋಗಿ ಬರುತ್ತಲೇ ಇರುತ್ತವೆ, ಆದ್ದರಿಂದ ಸಾಕೆನಿಸಿದಾಗ ಹತ್ತಿ ವಾಪಸ್ ಬರಬಹುದು. ಬೋಟ್ ಟಿಕೆಟ್ ಬೇರೆ, ಕೋಟೆಯ ಪ್ರವೇಶ ಟಿಕೆಟ್ ಬೇರೆ. ನೆರಳು ಕಡಿಮೆ, ಬೆಳಗ್ಗೆ ಬೇಗ ಹೋಗಿ, ನೀರು ಜೊತೆಗಿರಲಿ.