ದಿನಕ್ಕೊಬ್ಬ ಸಾಧಕರ ಆ್ಯಪ್: ಬರೀ ಹುಟ್ಟುಹಬ್ಬ ನೋಡಿದ್ರೆ ಸಾಲಲ್ಲ

ಮೊದಲೇ ಒಂದು ಮಾತು ಹೇಳ್ಬಿಡ್ತೀನಿ. ದಿನಕ್ಕೊಬ್ಬ ಸಾಧಕರನ್ನ ಪರಿಚಯ ಮಾಡ್ಸೋ ಇಂಥ ಆ್ಯಪ್ ಯಾವ್ದೇ ಹಾಕ್ಕೊಂಡ್ರೂ ಸೆಟ್ಟಿಂಗ್ಸ್‌ಗೆ ಹೋಗಿ ಪುಣ್ಯತಿಥಿ ಮತ್ತೆ ಇತಿಹಾಸದಲ್ಲಿ ಈ ದಿನ, ಈ ಎರಡನ್ನೂ ಆನ್ ಮಾಡ್ಕೊಳ್ಳಿ. ನಾನು ಬಳಸ್ತಿರೋದ್ರಲ್ಲಿ ಡಿಫಾಲ್ಟಾಗಿ ಬರೀ ಜನ್ಮದಿನ ಬರುತ್ತೆ, ಉಳಿದ ಎರಡೂ ಮೆನು ಒಳಗೆ ಎಲ್ಲೋ ಮೂಲೆಲಿ ಕೂತಿವೆ, ಹುಡುಕಿದ್ರೆ ಮಾತ್ರ ಸಿಗುತ್ತೆ. ಎರಡನೇ ವರ್ಷ ಮುಗೀತಾ ಬಂತು, ಇವತ್ತಿಗೂ ನಾನು ಇದನ್ನ ಡಿಲೀಟ್ ಮಾಡ್ದೇ ಇಟ್ಕೊಂಡಿರೋದು ಆ ಎರಡು ಬಟನ್‌ನಿಂದ.

ಫೀಚರ್ ಎಲ್ಲಾ ನೀವು ಸ್ಟೋರ್‌ನಲ್ಲೇ ನೋಡಿರ್ತೀರ, ಅದನ್ನ ಬರೆಯಲ್ಲ. ನಾನು ಹೇಗೆ ಬಳಸ್ತೀನಿ ಅಂತ ಹೇಳ್ತೀನಿ. ಬೆಳಗ್ಗೆ ಬೇಗ ಏಳೋ ಅಭ್ಯಾಸ, ಮನೆಯವರು ಏಳೋಕೆ ಮುಂಚೆ ಒಂದಷ್ಟು ಹೊತ್ತು ನಂದೇ ಅಂತ ಇರುತ್ತೆ. ಆಗ ಕಾರ್ಡ್ ತೆಗೀತೀನಿ. ಫೋಟೋ ಮೇಲೆ ಇರುತ್ತೆ, ಹೆಸರು ಅದರ ಕೆಳಗೆ. ಹೆಸರಿನ ಮೇಲೆ ಹೆಬ್ಬೆರಳು ಇಟ್ಟು ಮುಚ್ಕೊಂಡು ಬರೀ ಮುಖ ನೋಡ್ತೀನಿ, ಇವರು ಯಾವ ಕಾಲದವ್ರು, ಏನು ಮಾಡಿರಬಹುದು ಅಂತ. ಹಳೇ ಫೋಟೋದಲ್ಲಿ ಯಾರೂ ನಗ್ತಿರಲ್ಲ, ಕೋಟಿನ ಕಾಲರ್ ನೋಡಿ ಕಾಲ ಅಂದಾಜು ಮಾಡೋದು ಈಗ ಸುಮಾರು ಅಭ್ಯಾಸ ಆಗಿದೆ. ಆಮೇಲೆ ಬೆರಳು ತೆಗೆದು ಓದೋದು. ಅಮ್ಮ ಎದ್ಮೇಲೆ ಅದನ್ನೇ ಜೋರಾಗಿ ಅವರಿಗೆ ಓದಿ ಹೇಳ್ತೀನಿ, ಅವರಿಗೆ ಸಣ್ಣ ಅಕ್ಷರ ಕಾಣಲ್ಲ. ಈ ಇಡೀ ಕೆಲಸಕ್ಕೆ ಹತ್ತು ನಿಮಿಷ ಸಾಕು, ಆದ್ರೆ ಅದು ತಪ್ಪಿದ ದಿನ ಏನೋ ಬಿಟ್ಟ ಹಾಗೆ ಅನ್ಸುತ್ತೆ.

ಶುರುನಲ್ಲಿ ಎಲ್ಲಾ ಚೆನ್ನಾಗೇ ಇತ್ತು. ಡಾರ್ವಿನ್ ಮತ್ತೆ ಲಿಂಕನ್ ಇಬ್ರೂ ಹುಟ್ಟಿದ್ದು ಒಂದೇ ದಿನ, ಫೆಬ್ರವರಿ 12, 1809, ಇಂಥವೆಲ್ಲ ಮೊದಲ ಸಲ ಓದುವಾಗ ಖುಷಿ ಆಗುತ್ತೆ, ನಾಲ್ಕು ಜನಕ್ಕೆ ಹೇಳೋಣ ಅನ್ಸುತ್ತೆ, ಅಷ್ಟಕ್ಕೇ ಮುಗಿಯುತ್ತೆ. ನಿಜವಾಗ್ಲೂ ಮನಸ್ಸಿಗೆ ತಟ್ಟಿದ್ದು ಜನವರಿಯಲ್ಲಿ.

ಜನವರಿ 4ಕ್ಕೆ ಲೂಯಿ ಬ್ರೈಲ್ ಜನ್ಮದಿನ, 1809. ಕಾರ್ಡ್‌ನಲ್ಲಿ ಗೊತ್ತಿರೋ ಕಥೆನೇ ಇತ್ತು, ಫ್ರಾನ್ಸಿನ ಒಂದು ಊರು, ಅಪ್ಪ ಕುದುರೆ ಜೀನು ಮಾಡೋರು, ಮೂರು ವರ್ಷದ ಮಗು ಚರ್ಮ ತೂತು ಮಾಡೋ ದಬ್ಬಳ ಹಿಡ್ಕೊಂಡು ಆಡುವಾಗ ಕಣ್ಣಿಗೆ ಚುಚ್ಕೊಂಡಿದ್ದು, ಸೋಂಕು ಇನ್ನೊಂದು ಕಣ್ಣಿಗೂ ಹಬ್ಬಿ ಎರಡೂ ಹೋಗಿದ್ದು, 15ನೇ ವಯಸ್ಸಿಗೆ, ಅಂದ್ರೆ 1824ಕ್ಕೆ, ಆರು ಚುಕ್ಕೆಯ ಲಿಪಿ ಮಾಡಿದ್ದು. ಕೆಳಗೆ ದೊಡ್ಡಕ್ಷರದಲ್ಲಿ ‘ಛಲ ಇದ್ದರೆ ಗೆಲುವು’ ಅಂತ. ಸರಿ ಅಂತ ಮುಂದಕ್ಕೆ ಹೋದೆ. ಎರಡೇ ದಿನಕ್ಕೆ, ಜನವರಿ 6ಕ್ಕೆ, ಪುಣ್ಯತಿಥಿ ಟ್ಯಾಬ್‌ನಲ್ಲಿ ಮತ್ತೆ ಅದೇ ಮುಖ. 1852, ಕ್ಷಯ, ಆಗಷ್ಟೇ 43 ತುಂಬಿತ್ತು. ಕೆಳಗೆ ಒಂದೇ ಸಾಲು: ಅವರು ಓದಿ, ಆಮೇಲೆ ಪಾಠ ಮಾಡಿದ ಪ್ಯಾರಿಸ್ಸಿನ ಅಂಧರ ಶಾಲೆ ಆ ಲಿಪಿಯನ್ನ ಅಧಿಕೃತವಾಗಿ ಒಪ್ಪಿದ್ದು 1854ರಲ್ಲಿ. ಅಂದ್ರೆ ಅವರು ಹೋಗಿ ಎರಡು ವರ್ಷ ಆದ್ಮೇಲೆ. ಸುಮ್ನೆ ಕೂತ್ಬಿಟ್ಟೆ. ಹದಿನೈದಕ್ಕೆ ಮಾಡಿದ ಕೆಲಸ, ಮುಂದೆ ಇಪ್ಪತ್ತೇಳು ಇಪ್ಪತ್ತೆಂಟು ವರ್ಷ ಅದನ್ನ ತಾನೇ ಬಳಸ್ತಾ, ತಿದ್ದುತಾ, ಹುಡುಗರಿಗೆ ಹೇಳಿಕೊಡ್ತಾ ಇದ್ರು, ಚರ್ಚ್‌ನಲ್ಲಿ ಆರ್ಗನ್ ಕೂಡ ನುಡಿಸೋರು, ಆದ್ರೆ ತಮ್ಮದೇ ಶಾಲೆ ಅದನ್ನ ಒಪ್ಪಿದ್ದು ನೋಡೋಕೆ ಇರಲಿಲ್ಲ.

ಅದೇ ಪರದೆಯಲ್ಲಿ ಕೆಳಗೆ ಇನ್ನೊಂದು ಹೆಸರು, ಅದೇ ಜನವರಿ 6, ಗ್ರೆಗರ್ ಮೆಂಡೆಲ್, 1884. ಮಠದ ತೋಟದಲ್ಲಿ ಎಂಟು ವರ್ಷ ಬಟಾಣಿ ಗಿಡ ಬೆಳೆಸಿ, ಸುಮಾರು 28,000 ಗಿಡ ನೋಡಿ ಲೆಕ್ಕ ಹಾಕಿ, 1865ರ ಫೆಬ್ರವರಿ 8 ಮತ್ತೆ ಮಾರ್ಚ್ 8ಕ್ಕೆ ಊರಿನ ವಿಜ್ಞಾನ ಸಂಘದಲ್ಲಿ ಓದಿದ್ರು. ಮುಂದಿನ ವರ್ಷ ಅಚ್ಚೂ ಆಯ್ತು. ಅದರ ಬೆಲೆ ಜನಕ್ಕೆ ಗೊತ್ತಾಗಿದ್ದು 1900ಕ್ಕೆ, ಬೇರೆ ಬೇರೆ ಕಡೆ ಇದ್ದ ವಿಜ್ಞಾನಿಗಳು, ಒಂದು ತಲೆಮಾರಿನ ಗುಣ ಮುಂದಿನದಕ್ಕೆ ಹೇಗೆ ಬರುತ್ತೆ ಅನ್ನೋ ಅದೇ ನಿಯಮಗಳಿಗೆ ಬಂದು ತಲುಪಿ, ಹಿಂದೆ ತಿರುಗಿ ನೋಡಿದ್ರೆ ಇವರು ಆಗ್ಲೇ ಬರೆದಿಟ್ಟಿದ್ರು. ಒಂದೇ ತಾರೀಕಿಗೆ ಹೋದ ಇಬ್ರು, ಇಬ್ಬರಿಗೂ ಬದುಕಿದ್ದಾಗ ಸಿಗಬೇಕಾದ್ದು ಸಿಗಲಿಲ್ಲ, ಇಬ್ರೂ ಅದಕ್ಕೋಸ್ಕರ ಕೆಲಸ ನಿಲ್ಲಿಸಲಿಲ್ಲ. ಆಫೀಸಿನಲ್ಲಿ ಮಾಡಿದ ಕೆಲಸಕ್ಕೆ ಒಂದು ಮೇಲ್‌ನಲ್ಲಿ ಥ್ಯಾಂಕ್ಸ್ ಬರಲಿಲ್ಲ ಅಂತ ವಾರಗಟ್ಟಲೆ ಕೊರಗೋ ನನ್ನಂಥವರಿಗೆ ಇದು ಎಷ್ಟು ದೊಡ್ಡ ಧೈರ್ಯ ಗೊತ್ತಾ. ಜನ್ಮದಿನದ ಕಾರ್ಡ್ ಅದನ್ನ ಕೊಟ್ಟಿರಲಿಲ್ಲ.

ಆಗಸ್ಟ್‌ನಲ್ಲೂ ಇಂಥದ್ದೇ ಒಂದು. ಆಗಸ್ಟ್ 12ಕ್ಕೆ ಇತಿಹಾಸದಲ್ಲಿ ಈ ದಿನ ಅಂತ ಬಂತು: 1865, ಗ್ಲಾಸ್ಗೋ, ಡಾಕ್ಟರ್ ಜೋಸೆಫ್ ಲಿಸ್ಟರ್, ಗಾಡಿ ಚಕ್ರ ಹತ್ತಿ ಕಾಲು ಮುರಿದ 11 ವರ್ಷದ ಹುಡುಗನ ಗಾಯಕ್ಕೆ ಕ್ರಿಮಿ ಕೊಲ್ಲೋ ಕಾರ್ಬಾಲಿಕ್ ಆ್ಯಸಿಡ್ ಹಚ್ಚಿ ಕಟ್ಟಿದ್ರು, ಗಾಯ ಕೊಳೀಲಿಲ್ಲ, ಕಾಲು ಉಳೀತು. ಮಾರನೇ ದಿನ, ಆಗಸ್ಟ್ 13, ಪುಣ್ಯತಿಥಿ ಟ್ಯಾಬ್‌ನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್, ಇಸವಿ ನೋಡಿದ್ರೆ ಅದೂ 1865! ವಿಯೆನ್ನಾ ಆಸ್ಪತ್ರೆಲಿ ಹೆರಿಗೆ ವಾರ್ಡಿಗೆ ಹೋಗೋ ಮುಂಚೆ ಬ್ಲೀಚಿಂಗ್ ಪೌಡರ್ ನೀರಲ್ಲಿ ಕೈ ತೊಳೀರಿ ಅಂತ ಡಾಕ್ಟರ್‌ಗಳಿಗೆ ಹೇಳಿದವರು ಇವರೇ. 1847ರ ಏಪ್ರಿಲ್‌ನಲ್ಲಿ ಆ ವಾರ್ಡಲ್ಲಿ ನೂರಕ್ಕೆ 18 ಬಾಣಂತಿಯರು ಸತ್ತಿದ್ರು, ಕೈ ತೊಳೆಯೋಕೆ ಶುರು ಮಾಡಿದ್ಮೇಲೆ ಜೂನ್‌ನಲ್ಲಿ ಅದು 2ರ ಹತ್ತಿರ ಇಳೀತು. ಅಷ್ಟು ಕಣ್ಣೆದುರಿಗೆ ಇದ್ರೂ ದೊಡ್ಡ ದೊಡ್ಡ ಡಾಕ್ಟರ್‌ಗಳು ಒಪ್ಪಲಿಲ್ಲ, ಕೊನೆಗೆ ಮಾನಸಿಕ ಆಸ್ಪತ್ರೆಯಲ್ಲಿ 47ನೇ ವಯಸ್ಸಿಗೆ ಹೋದ್ರು. ಅವರು ಸಾಯೋ ಹಿಂದಿನ ದಿನ ಇನ್ನೊಂದು ದೇಶದಲ್ಲಿ ಅದೇ ಹೋರಾಟ ಬೇರೆಯವರ ಕೈಯಲ್ಲಿ ಶುರು ಆಗಿತ್ತು. ಎರಡು ದಿನ ಅಕ್ಕಪಕ್ಕ ಓದಿದ್ದಕ್ಕೆ ಇದು ಕಂಡಿದ್ದು. ಅವತ್ತು ನಾನು ಈ ಆ್ಯಪ್‌ಗೆ ಐದು ಸ್ಟಾರ್ ಕೊಡ್ತಿದ್ದೆ.

ಈಗ ಬೇಜಾರಿನ ವಿಷಯಕ್ಕೆ ಬರ್ತೀನಿ. ಎರಡನೇ ವರ್ಷ ಶುರು ಆದ್ಮೇಲೆ ಅದೇ ಕಾರ್ಡ್ ಅದೇ ಫೋಟೋ ಅದೇ ಸಾಲು ತಿರುಗಿ ಬಂತು, ಒಂದಕ್ಷರ ಬದಲಾಗಿಲ್ಲ. ಅದನ್ನ ತಡ್ಕೋಬಹುದು, ಕ್ಯಾಲೆಂಡರ್ ತಾನೇ. ತಡ್ಕೊಳ್ಳೋಕೆ ಆಗದೇ ಇರೋದು ಎರಡನೇ ಸಲ ಓದಿದಾಗ ಕಂಡಿದ್ದು: ಎಲ್ಲರ ಬದುಕನ್ನೂ ಒಂದೇ ಅಚ್ಚಲ್ಲಿ ಹಾಕಿ ತೆಗೆದಿದ್ದಾರೆ. ಬಡತನ, ಛಲ, ಪ್ರಶಸ್ತಿ, ಒಂದು ಸುಭಾಷಿತ, ಮುಗೀತು. ಮಧ್ಯದ ಇಪ್ಪತ್ತು ಮೂವತ್ತು ವರ್ಷ ಎಲ್ಲಿ ಹೋಯ್ತು?

ನಮ್ಮಮ್ಮ ಕೇಳೋ ಪ್ರಶ್ನೆ ಯಾವಾಗ್ಲೂ ಎರಡೇ. ‘ಸಂಸಾರಕ್ಕೆ ಏನು ಮಾಡ್ತಿದ್ರು?’, ‘ಆಮೇಲೇನಾಯ್ತು?’ ಕಾರ್ಡ್‌ನಲ್ಲಿ ಎರಡಕ್ಕೂ ಉತ್ತರ ಇರಲ್ಲ. ಸಿ.ವಿ. ರಾಮನ್ ಅವರದ್ದು ಓದಿ ಹೇಳ್ದೆ, ನವೆಂಬರ್ 7, 1888ಕ್ಕೆ ಹುಟ್ಟಿದ್ರು, 1930ರಲ್ಲಿ ನೊಬೆಲ್ ಬಂತು ಅಂತ. ಅಮ್ಮ ಕೇಳಿದ್ರು, ಅಲ್ಲೀತನಕ ಹೊಟ್ಟೆಪಾಡು ಹೆಂಗೆ ಅಂತ. ನಾನು ಬೇರೆ ಕಡೆ ಹುಡುಕಿ ಓದಬೇಕಾಯ್ತು. 1907ರಿಂದ ಹತ್ತು ವರ್ಷ, ಹೆಚ್ಚಾಗಿ ಕಲ್ಕತ್ತಾದಲ್ಲಿ, ಸರ್ಕಾರದ ಹಣಕಾಸು ಇಲಾಖೆ ಕೆಲಸ, ಲೆಕ್ಕಪತ್ರ ನೋಡೋದು. ಆಫೀಸಿಗೆ ಮುಂಚೆ ಬೆಳಗ್ಗೆ ಒಂದಷ್ಟು ಹೊತ್ತು, ಆಫೀಸ್ ಮುಗಿಸಿ ಸಂಜೆಯಿಂದ ರಾತ್ರಿವರೆಗೆ ಒಂದಷ್ಟು ಹೊತ್ತು, ಭಾರತೀಯ ವಿಜ್ಞಾನ ಅಭಿವೃದ್ಧಿ ಸಂಘದ ಲ್ಯಾಬ್‌ನಲ್ಲಿ ಪ್ರಯೋಗ. 1917ಕ್ಕೆ ಆ ಒಳ್ಳೇ ಸಂಬಳದ ಕೆಲಸ ಬಿಟ್ಟು ಅದಕ್ಕಿಂತ ಕಮ್ಮಿ ಸಂಬಳದ ಪ್ರೊಫೆಸರ್ ಹುದ್ದೆಗೆ ಹೋದ್ರು. ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಸುಸ್ತಾಗಿ ಬಂದು, ಇನ್ನು ನನ್ನಿಂದ ಏನೂ ಕಲಿಯೋಕೆ ಆಗಲ್ಲ ಅಂದ್ಕೊಳ್ಳೋ ಸಾವಿರಾರು ಜನಕ್ಕೆ ಬೇಕಿರೋದು ಇದೇ ಹತ್ತು ವರ್ಷ. ನೊಬೆಲ್ ನಮಗೆ ಬರಲ್ಲ, ಆದ್ರೆ ಆಫೀಸಿಗೆ ಮುಂಚಿನ ಆ ಒಂದಷ್ಟು ಹೊತ್ತು ನಮ್ಮ ಹತ್ರನೂ ಇದೆ. ಅದನ್ನೇ ಕತ್ತರಿಸಿ ಬಿಸಾಕಿ, ಬರೀ ಮೆಡಲ್ ತೋರಿಸಿ ಸ್ಫೂರ್ತಿ ತಗೊಳ್ಳಿ ಅಂದ್ರೆ ಹೇಗೆ?

ಅದೇ ನವೆಂಬರ್ 7ರ ಇನ್ನೊಂದು ಸಿಟ್ಟು. ಅವತ್ತು ಮೇರಿ ಕ್ಯೂರಿ (1867) ಮತ್ತೆ ರಾಮನ್ ಇಬ್ಬರ ಜನ್ಮದಿನ, ಕಾರ್ಡ್‌ನಲ್ಲಿ ಇಬ್ರೂ ಇದ್ರು, ಸಂತೋಷ. ಆದ್ರೆ ಭೌತವಿಜ್ಞಾನಿ ಲೀಸ್ ಮೈಟ್ನರ್ ಎಲ್ಲಿ? ಅವರೂ ಹುಟ್ಟುಹಬ್ಬ ಮಾಡ್ಕೊಳ್ತಿದ್ದಿದ್ದು ಅದೇ ದಿನ, 1878. ಹಿಟ್ಲರ್ ಕಾಲದಲ್ಲಿ, 1938ರ ಜುಲೈನಲ್ಲಿ, ಮೂವತ್ತು ವರ್ಷ ದುಡಿದ ಬರ್ಲಿನ್ ಬಿಟ್ಟು ಓಡಿ ಬಂದು ಸ್ವೀಡನ್ ಸೇರಿದ್ರು, ವಯಸ್ಸು ಅರವತ್ತರ ಹತ್ರ. ಆ ವರ್ಷ ಕ್ರಿಸ್‌ಮಸ್ ಟೈಮಲ್ಲಿ ಬರ್ಲಿನ್‌ನಿಂದ ಜೊತೆ ಕೆಲಸ ಮಾಡ್ತಿದ್ದ ಓಟೋ ಹಾನ್ ಅವರ ಕಾಗದ ಬಂತು, ಯುರೇನಿಯಂಗೆ ನ್ಯೂಟ್ರಾನ್ ಹೊಡೆದ್ರೆ ಬೇರಿಯಂ ಬರ್ತಿದೆ, ಇದೇನು ಅಂತ ಅರ್ಥ ಆಗ್ತಿಲ್ಲ ಅಂತ. ತಮ್ಮ ಅಕ್ಕನ ಮಗ ಓಟೋ ಫ್ರಿಶ್ ಜೊತೆ ಹಿಮದಲ್ಲಿ ನಡೀತಾ ನಡೀತಾ, ಒಂದು ಮರದ ದಿಮ್ಮಿ ಮೇಲೆ ಕೂತು, ಜೇಬಲ್ಲಿದ್ದ ಚೀಟಿಗಳ ಮೇಲೆ ಲೆಕ್ಕ ಹಾಕಿ ಪರಮಾಣು ಎರಡಾಗಿ ಒಡೀತಿದೆ ಅಂತ ಕಂಡ್ಕೊಂಡ್ರು. 1944ರ ನೊಬೆಲ್ ಹಾನ್ ಒಬ್ಬರಿಗೇ ಹೋಯ್ತು. ಆ್ಯಪ್‌ನಲ್ಲಿ ಹುಡುಕಿದ್ರೆ ಮೈಟ್ನರ್ ಹೆಸರೇ ಇಲ್ಲ, ಪ್ರಶಸ್ತಿ ಬಂದವ್ರು ಮಾತ್ರ ಲಿಸ್ಟಿಗೆ ಬಂದಿದ್ದಾರೆ ಅನ್ಸುತ್ತೆ. ಫೀಡ್‌ಬ್ಯಾಕ್ ಕಳಿಸ್ದೆ, ನಿಮ್ಮ ಸಲಹೆಗೆ ಧನ್ಯವಾದ ಅಂತ ಆಟೋಮ್ಯಾಟಿಕ್ ಉತ್ತರ ಬಂತು, ಮುಂದಿನ ನವೆಂಬರ್‌ಗೂ ಅದೇ ಇಬ್ರು. ನೂರಾ ಒಂಬತ್ತನೇ ಮೂಲಧಾತುವಿಗೇ ಅವರ ಹೆಸರಿಟ್ಟಿದ್ದಾರೆ, ಒಂದು ಕಾರ್ಡ್ ಹಾಕೋಕೆ ಏನು ಕಷ್ಟ.

ಸುಭಾಷಿತಗಳ ವಿಷಯಕ್ಕೆ ಬಂದ್ರೆ, ಆ ನೋಟಿಫಿಕೇಷನ್ ಆಫ್ ಮಾಡಿ ಅಷ್ಟೇ. ಜಗತ್ತಿನಲ್ಲಿ ನೀವು ನೋಡಬಯಸೋ ಬದಲಾವಣೆ ನೀವೇ ಆಗಿ ಅಂತ ಗಾಂಧೀಜಿ ಹೆಸರಲ್ಲಿ ಬರುತ್ತಲ್ಲ, ಅವರ ಸಮಗ್ರ ಬರಹ ನೂರು ಸಂಪುಟ ಇದೆ, ಅದರಲ್ಲಿ ಆ ರೂಪದಲ್ಲಿ ಆ ಮಾತೇ ಇಲ್ಲ. ಹತ್ತಿರದ ಅರ್ಥದ್ದು 1913ರಲ್ಲಿ ಬರೆದಿದ್ದಾರೆ, ಅದನ್ನೇ ಹಾಕಬಹುದಿತ್ತು. ಎಲ್ಲಿ ಹೇಳಿದ್ದು, ಯಾವಾಗ ಹೇಳಿದ್ದು ಅಂತ ಒಂದು ಸಾಲೂ ಇಲ್ದೇ ದೊಡ್ಡವರ ಬಾಯಿಗೆ ಮಾತು ತುರುಕೋದು ನನಗೆ ಸರಿ ಕಾಣಲ್ಲ, ಮಕ್ಕಳು ಅದನ್ನೇ ಶಾಲೆ ಭಾಷಣದಲ್ಲಿ ಹೇಳ್ತಾರೆ.

ತಾರೀಕಲ್ಲೂ ಅಷ್ಟೇ, ನ್ಯೂಟನ್ ಜನ್ಮದಿನ ಡಿಸೆಂಬರ್ 25ಕ್ಕೂ ಬರುತ್ತೆ, ಜನವರಿ 4ಕ್ಕೂ ಬರುತ್ತೆ. ಎರಡೂ ಸರಿನೇ, ಆಗ ಇಂಗ್ಲೆಂಡಲ್ಲಿ ಜೂಲಿಯನ್ ಕ್ಯಾಲೆಂಡರ್ ಇತ್ತು, 1752ಕ್ಕೆ ಹೊಸದಕ್ಕೆ ಬದಲಾದಾಗ ಸೆಪ್ಟೆಂಬರ್ 2 ಆದ್ಮೇಲೆ ನೇರ 14 ಬಂತು. ಹಳೇ ಲೆಕ್ಕಕ್ಕೆ 1642ರ ಡಿಸೆಂಬರ್ 25, ಹೊಸ ಲೆಕ್ಕಕ್ಕೆ 1643ರ ಜನವರಿ 4. ಎಷ್ಟು ಚೆಂದದ ವಿಷಯ ಇದು, ಹೇಳಿದ್ರೆ ಯಾರು ಬೇಡ ಅಂತಾರೆ? ಏನೂ ಹೇಳ್ದೇ ಎರಡು ಸಲ ಹಾಕಿದ್ದಾರೆ, ಓದೋರಿಗೆ ತಪ್ಪು ಅಂತ್ಲೇ ಅನ್ಸುತ್ತೆ. ಇನ್ನು ಗೆಲಿಲಿಯೋ ಸತ್ತ ವರ್ಷವೇ ನ್ಯೂಟನ್ ಹುಟ್ಟಿದ್ದು ಅಂತ ಇನ್ನೊಂದು ಕಾರ್ಡ್ ಇದೆ, ಅದು ಒಬ್ಬರಿಗೆ ಹೊಸ ಕ್ಯಾಲೆಂಡರ್, ಇನ್ನೊಬ್ಬರಿಗೆ ಹಳೇದು ಹಿಡಿದ್ರೆ ಮಾತ್ರ ನಿಜ.

ಹಾಗಾದ್ರೆ ಹಾಕ್ಕೋಬೇಕಾ ಬೇಡ್ವಾ? ಫ್ರೀ ವರ್ಷನ್ ಕಣ್ಮುಚ್ಚಿ ಹಾಕ್ಕೊಳ್ಳಿ, ಪುಣ್ಯತಿಥಿ ಟ್ಯಾಬ್ ಅದರಲ್ಲೇ ಇದೆ. ಪ್ರೀಮಿಯಂ ನಾನು ಮೊದಲ ವರ್ಷ ಕಟ್ಟಿದ್ದೆ, ಈ ಸಲ ನಿಲ್ಲಿಸಿದ್ದೀನಿ, ಜಾಹೀರಾತು ಬರಲ್ಲ ಅನ್ನೋದೊಂದು ಬಿಟ್ರೆ ಹೆಚ್ಚಿಗೆ ಸಿಗೋದು ಸುಭಾಷಿತದ ವಾಲ್‌ಪೇಪರ್‌ಗಳು, ನನ್ನ ಕೈಯಲ್ಲಿರೋ ದುಡ್ಡಿಗೆ ಅದು ಬೇಡ. ಆ ದುಡ್ಡಲ್ಲಿ ಒಂದೆರಡು ಒಳ್ಳೇ ಜೀವನಚರಿತ್ರೆ ತಗೋಬಹುದು. ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಕೊಳ್ಳಿ, ಕಾರ್ಡ್ ಓದಿದ್ಮೇಲೆ ಅವರು ಆ ಕೆಲಸ ಮಾಡಿದಾಗ ವಯಸ್ಸೆಷ್ಟು, ಹೊಟ್ಟೆಪಾಡಿಗೆ ಏನಿತ್ತು, ಈ ಎರಡು ಹುಡುಕಿ ಬರ್ಕೊಳ್ಳಿ. ನಾನು ಹಾಗೇ ಮಾಡ್ತಿದ್ದೀನಿ, ಅಮ್ಮಂಗೆ ಈಗ ಉತ್ತರ ರೆಡಿ ಇರುತ್ತೆ. ಮನೇಲಿ ಶಾಲೆಗೆ ಹೋಗೋ ಮಕ್ಕಳಿದ್ರೆ ಅವರ ಕೈಲಿ ಹುಡುಕಿಸಿ, ಇನ್ನೂ ಒಳ್ಳೇದು.

ಆ್ಯಪ್ ಮಾಡಿದವರು ಓದ್ತಿದ್ರೆ ಒಂದು ವಿನಂತಿ. ನಮ್ಮ ದೇಶದ ವಿಜ್ಞಾನ ದಿನವನ್ನ ರಾಮನ್ ಹುಟ್ಟಿದ ದಿನ ಇಟ್ಟಿಲ್ಲ, ಅವರ ಶೋಧ ಗೊತ್ತಾದ ದಿನ ಇಟ್ಟಿದ್ದಾರೆ, ಫೆಬ್ರವರಿ 28, 1928. ಅದೇ ಥರ ಜನ ಕೆಲಸ ಮಾಡಿದ ದಿನಗಳಿಗೆ ಅಂತ ಒಂದು ಟ್ಯಾಬ್ ಕೊಡಿ. ಮೆಂಡೆಲ್ ಎದ್ದು ನಿಂತು ಓದಿದ ಫೆಬ್ರವರಿ 8, ಲಿಸ್ಟರ್ ಆ ಹುಡುಗನ ಕಾಲು ಕಟ್ಟಿದ ಆಗಸ್ಟ್ 12, ಇವೆಲ್ಲ ನಿಮ್ಮ ಡೇಟಾದಲ್ಲಿ ಆಗ್ಲೇ ಚದುರಿ ಬಿದ್ದಿವೆ, ಒಟ್ಟು ಮಾಡಿದ್ರೆ ಸಾಕು. ಮೈಟ್ನರ್ ಅವರನ್ನೂ ಸೇರಿಸಿ. ಈಗ ಮೂರು ಸ್ಟಾರ್ ಕೊಟ್ಟಿದ್ದೀನಿ, ಆ ಟ್ಯಾಬ್ ಬಂದ ದಿನ ಬಂದು ಐದು ಮಾಡ್ತೀನಿ, ಪ್ರೀಮಿಯಂ ಕೂಡ ಮತ್ತೆ ಕಟ್ತೀನಿ.